ತೂತಿಲ್ಲದ ಒಲೆಗೊಂದು ತಕರಾರು

ಹೊಳೆಮಣ್ಣೂರಿನ ನಮ್ಮ ಅಡುಗೆಮನೆಯಲ್ಲಿ ನಾಲ್ಕು ಬೀಡು ಕಬ್ಬಿಣದ ಕಾಲುಗಳ ಮೇಲೆ ಚಿತ್ತೈಸಿರುವ, ಕಟ್ಟಿಗೆ, ಇದ್ದಲಿ, ಕುಳ್ಳು, ಮೆಕ್ಕೆಜೋಳದ ಬೆಂಡು ಎಂಬ ಭೇದವೆಣಿಸದೆ ಬಂದದ್ದನ್ನೆಲ್ಲ ಒಂದೇ ಹೊಟ್ಟೆಗೆ ಹಾಕಿಕೊಳ್ಳುವ, ಶ್ರೀಮನ್ಮಹಾ ಬಹುಇಂಧನ ಒಲೆಯವರ ಸನ್ನಿಧಾನಕ್ಕೆ, ಗೋವಾದ ಮಡಗಾಂವದಲ್ಲಿ ಊರವರ ನೆಲಕ್ಕೆ ಟೈಲ್ಸ್ ಹಾಕಿಕೊಂಡಿರುವ ದ್ಯಾಮೇಶನ ಮೊಣಕಾಲೂರಿದ ನಮಸ್ಕಾರಗಳು. (ಮೊಣಕಾಲೂರುವುದು ನನ್ನ ಉದ್ಯೋಗವೇ ಆದ್ದರಿಂದ ಇದನ್ನು ವಿಶೇಷ ಗೌರವವೆಂದು ತಾವು ಭಾವಿಸಬೇಕಾಗಿಲ್ಲ.)

ಮಾನ್ಯರೇ,

ಇತ್ತ ನಾನು ಕ್ಷೇಮ. ತಮ್ಮ ಕ್ಷೇಮವನ್ನು ತಂಗಿ ದುರ್ಗಾ ದಿನವೂ ತಿಳಿಸುತ್ತಾಳೆ. ಬರೆಯುವ ರೂಢಿ ತಪ್ಪಿರುವುದರಿಂದ ಈ ಪತ್ರವನ್ನು ಫೋನಿಗೆ ಬಾಯಿಂದ ಹೇಳುತ್ತಿದ್ದೇನೆ. ದುರ್ಗಾ ಇದನ್ನು ಬರೆದುಕೊಂಡು ತಮ್ಮ ಮುಂದೆ ನಿಂತು ಗಟ್ಟಿಯಾಗಿ ಓದುವಳು. ಓಣಿಯವರು ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ, ಬಹಿರಂಗ ಪತ್ರವೆಂದರೆ ಅದೇ ತಾನೆ.

ತಮ್ಮನ್ನು ಬರಮಾಡಿಕೊಂಡ ಕಾರಣವನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇನೆ. ನಮ್ಮ ಅವ್ವ ಗಾಳೆವ್ವನ ಬಲಗಣ್ಣಿನ ಪೊರೆಯನ್ನು ಗದಗಿನ ಒಂದು ದವಾಖಾನೆಯಲ್ಲಿ ತೆಗೆದರು. ನಲವತ್ತು ದಿನ ಈ ಕಣ್ಣಿಗೆ ಹೊಗೆ ಸೋಕಬಾರದು, ಸೋಕಿದರೆ ಮಾಡಿದ್ದೆಲ್ಲ ನೀರುಪಾಲು ಎಂದು ಡಾಕ್ಟರರು ಕಪ್ಪು ಚಾಳೀಸು ಹಾಕಿ ಕಳಿಸಿದರು. ಮನೆಯಲ್ಲಿ ಗ್ಯಾಸ್ ಇಲ್ಲವೆಂದಲ್ಲ, ಇದೆ. ಅದು ಚಹಾಕ್ಕೆ. ಹಂಚಿನಿಂದ ಇಳಿದ ಜೋಳದ ರೊಟ್ಟಿ ಕೆಂಡಕ್ಕೆ ಮುಖ ಕೊಟ್ಟು ನಿಂತು ಉಬ್ಬದೇ ಹೋದರೆ ಅದನ್ನು ರೊಟ್ಟಿಯೆಂದು ಅವ್ವ ಒಪ್ಪುವುದಿಲ್ಲ. ನಲವತ್ತು ದಿನ ದುರ್ಗಾಳೇ ಬಡಿಯಲಿ ಬಿಡು ಎಂದು ನಾನು ಹೇಳಿ ನೋಡಿದೆ. "ಅಕಿ ರೊಟ್ಟಿ ನೋಡೀಯೇನು? ರೋಣ ತಾಲೂಕಿನ ನಕಾಶಿ ಇದ್ದಂಗ ಇರ್ತೈತಿ. ನಟ್ಟನಡುವ ಮಲಪ್ರಭಾ ಹರದಿರ್ತಾಳ" ಎಂದಳು. ಅವ್ವನನ್ನು ಒಲೆಯ ಮುಂದಿನಿಂದ ಎಬ್ಬಿಸುವುದು ಆಗದ ಮಾತಾದ್ದರಿಂದ, ಒಲೆಯನ್ನೇ ಬದಲಿಸುವುದೆಂದು ನಾನು ತೀರ್ಮಾನಿಸಿದೆ.

ನನಗೆ ತಮ್ಮ ಪರಿಚಯ ಹೇಗಾಯಿತೆಂದರೆ, ಮಡಗಾಂವದ ಒಂದು ದೊಡ್ಡ ಮನೆಯಲ್ಲಿ ಟೈಲ್ಸ್ ಕೂಡಿಸುತ್ತಿದ್ದಾಗ ಪಡಸಾಲೆಯ ಮೂಲೆಯಲ್ಲಿ ತಮ್ಮ ಕುಲದವರೊಬ್ಬರು ಕೂತಿದ್ದರು. ಹೊಗೆಯಿಲ್ಲ, ಮಸಿಯಿಲ್ಲ, ತಲೆಯ ಮೇಲೊಂದು ಹೂದಾನಿ. ಇಂಥ ಒಲೆ ಅವ್ವನಿಗೆ ಬೇಕು ಎಂದು ಅಲ್ಲೇ ನಿಶ್ಚಯಿಸಿದೆ. ಹೊಗೆಯಿಲ್ಲದಿರಲು ಕಾರಣ ಅದನ್ನು ಯಾರೂ ಯಾವತ್ತೂ ಹೊತ್ತಿಸಿಯೇ ಇರಲಿಲ್ಲ ಎಂಬುದು ಮಾತ್ರ ನನ್ನ ಬುದ್ಧಿಗೆ ಹೊಳೆಯಲಿಲ್ಲ. ಫೋನಿನಲ್ಲಿ ಚಿತ್ರ ನೋಡಿ ತಮ್ಮನ್ನು ತರಿಸಿ, ಹೊದಿಸಿದ ಗೋಣಿಯನ್ನೂ ಬಿಚ್ಚದೆ ಬಸ್ಸಿಗೆ ಹಾಕಿದೆ. ತಾವು ಹುಬ್ಬಳ್ಳಿ ದಾಟಿ, ನರಗುಂದದಲ್ಲಿ ಬಸ್ಸು ಬದಲಿಸಿ, ಎರಡೇ ದಿನಕ್ಕೆ ರೋಣ ಸೇರಿದಿರಿ. ಆರು ತಿಂಗಳಿಂದ ರಜೆಗಾಗಿ ಮುಕಾದಮನ ಮುಖ ನೋಡುತ್ತಿರುವ ನನಗೆ ತಮ್ಮ ಈ ಸಾಧನೆಯ ಬಗ್ಗೆ ಹೊಟ್ಟೆಕಿಚ್ಚಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ರೋಣದಲ್ಲಿ ತಗಡಿನ ಕೆಲಸ ಮಾಡುವ ಮೆಹಬೂಬಸುಭಾನಿ ಕಾಕಾ ತಮ್ಮ ಜೊತೆಗೇ ಊರಿಗೆ ಬಂದು, ಬೆನ್ನಿಗೆ ಹೊಗೆಕೊಳವೆ ಜೋಡಿಸಿ, ಮಾಳಿಗೆಯ ಬೆಳಕಿಂಡಿಯಿಂದ ಆಚೆ ಹಾಯಿಸಿ, ಚಹಾ ಕುಡಿದು ಹೋದರು. ಆಮೇಲಿನ ಜವಾಬ್ದಾರಿಯನ್ನು ನಾನು ವಹಿಸಿಕೊಂಡೆ. ಜನ್ಮದಲ್ಲಿ ಒಂದು ಸಲವೂ ಒಲೆ ಹೊತ್ತಿಸದವನು, ನಲವತ್ತು ವರ್ಷ ಊದುಗೊಳವೆ ಹಿಡಿದವಳಿಗೆ ಬೆಂಕಿಯ ಪಾಠ ಹೇಳಲು ಕೂತೆ. ಒಟ್ಟು ಮೂವತ್ತೊಂದು ಧ್ವನಿ ಸಂದೇಶ ಕಳಿಸಿದ್ದೇನೆಂದು ದುರ್ಗಾ ಎಣಿಸಿ ಹೇಳಿದ್ದಾಳೆ. ಮೇಲೆ ಹಂಚು ಕೂರುವ ಬಾಯಿ, ಮುಂದೆ ಉರುವಲು ಹಾಕುವ ಬಾಗಿಲು, ಒಳಗೆ ಬೀಡಿನ ಜಾಳಿಗೆ, ಅದರ ಕೆಳಗೆ ಬೂದಿ ಬೀಳುವ ತಟ್ಟೆ, ಹೀಗೆ ತಮ್ಮ ಅಂಗಾಂಗಗಳನ್ನೆಲ್ಲ ವರ್ಣಿಸಿದೆ. ತಮಗೆ ಉಸಿರಾಟವೆಂಬುದೊಂದು ಇದೆ ಎನ್ನುವುದನ್ನು ಮಾತ್ರ ವರ್ಣಿಸಲಿಲ್ಲ, ಏಕೆಂದರೆ ಅದು ನನಗೇ ಗೊತ್ತಿರಲಿಲ್ಲ. ತಮ್ಮ ಜೊತೆ ಬಂದ ಪುಸ್ತಿಕೆಯ ಫೋಟೋವನ್ನು ದುರ್ಗಾ ಕಳಿಸಿದ್ದಳು. ಅದರ ಚಿತ್ರದಲ್ಲಿ ತಮ್ಮ ಒಳಗೆ ಹೋಗುವ ನೀಲಿ ಬಾಣಗಳಿದ್ದವು. ಅಲಂಕಾರಕ್ಕೆ ಬಿಡಿಸಿದ್ದಾರೆ, ಚಲೋ ಕಾಣುತ್ತದೆ ಎಂದು ನಾನು ಉತ್ತರಿಸಿದೆ.

ಆ ಮೂವತ್ತೊಂದರಲ್ಲಿ ಮೊಟ್ಟಮೊದಲನೆಯದನ್ನು ತಾವು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಅದರಲ್ಲಿ ನಾನು ಎದೆ ಉಬ್ಬಿಸಿ ಹೇಳಿದ್ದು ಇದು: "ಅವ್ವಾ, ಗಟ್ಟಿ ಬೀಡಿನ ಒಲಿ ಐತಿ. ಒಂದ ತೂತಿಲ್ಲ, ಒಂದ ಬಿರುಕಿಲ್ಲ. ಏಳು ತಲಿ ಉಳಿತೈತಿ ನೋಡು." ಚಿತ್ರ ಬಿಟ್ಟರೆ ತಮ್ಮ ಮುಖವನ್ನೇ ನೋಡದವನ ಮಾತಿದು.

ಮೊದಲ ದಿನ ತಮಗೆ ಕುಂಕುಮವಿಟ್ಟು ಕಾಯಿ ಒಡೆದು ಬೆಂಕಿ ಕೊಟ್ಟರು. ತಾವು ಕೆಮ್ಮಿದಿರಿ. ಎಷ್ಟು ಉದಾರವಾಗಿ ಕೆಮ್ಮಿದಿರೆಂದರೆ, ಹಳೆಯ ಮಣ್ಣಿನ ಒಲೆ ಒಂದು ವಾರದಲ್ಲಿ ಕೊಡುತ್ತಿದ್ದ ಹೊಗೆಯನ್ನು ಒಂದೇ ಮುಂಜಾನೆ ಕರುಣಿಸಿದಿರಿ. ಬಾಗಿಲು ಮುಚ್ಚಿದರೆ ಒಳಗಿನ ಬೆಂಕಿ ಸಾಯುವುದು, ತೆರೆದರೆ ಹೊಗೆಯೆಲ್ಲ ಮನೆಯೊಳಗೆ ನುಗ್ಗುವುದು. ಕಟ್ಟಿಗೆ ಹಸಿ ಇದೆ ಎಂದು ನಾನು ಸಂದೇಶ ಕಳಿಸಿದೆ. ಅಟ್ಟದ ಮೇಲೆ ಎರಡು ಬೇಸಿಗೆ ಕಂಡ ಜಾಲಿ ಕಟ್ಟಿಗೆ ಇಳಿಸಿದರು. ಅದಕ್ಕೂ ಕೆಮ್ಮಿದಿರಿ. ಇದ್ದಲಿ ಹಾಕಿರಿ ಎಂದೆ. ಇದ್ದಲಿ ಕಣ್ಣು ಬಿಡಲೇ ಇಲ್ಲ. ಕುಳ್ಳು, ಹತ್ತಿಕಟ್ಟಿಗೆ, ಬೆಂಡು ಎಲ್ಲವೂ ಸರದಿಯಲ್ಲಿ ತಮ್ಮ ಪಾದ ಸೇರಿದವು. ಬಹುಇಂಧನ ಎಂಬ ಬಿರುದಿಗೆ ತಕ್ಕಂತೆ ತಾವು ಯಾವ ಇಂಧನದಿಂದಲೂ ಹೊಗೆ ಹುಟ್ಟಿಸಬಲ್ಲಿರೆಂದು ಸಾಬೀತುಪಡಿಸಿದಿರಿ. ಹನ್ನೆರಡನೆಯ ಸಂದೇಶದಲ್ಲಿ ನಾನು ದುರ್ಗಾಳಿಗೆ ಊದಲು ಬರುವುದಿಲ್ಲ ಎಂದೆ. ಹತ್ತೊಂಬತ್ತನೆಯದರಲ್ಲಿ ಗಾಳಿಯ ದಿಕ್ಕು ಸರಿಯಿಲ್ಲ ಎಂದೆ. ಇಪ್ಪತ್ನಾಲ್ಕನೆಯದು ಏನೆಂದು ನನಗೂ ನೆನಪಿಲ್ಲ, ಅದರಲ್ಲಿ ಬರೀ ನಿಟ್ಟುಸಿರಿದೆ ಎಂದು ದುರ್ಗಾ ಹೇಳುತ್ತಾಳೆ.

ಅಷ್ಟರಲ್ಲಿ ಅವ್ವನ ಕಣ್ಣು ಕೆಂಪಾಯಿತು. ಗದಗಿಗೆ ತೋರಿಸಲು ಹೋದಾಗ ಡಾಕ್ಟರರು, "ಹೊಗಿ ಹಂತ್ಯಾಕ ಹೋಗಿದ್ದೇನಬೇ?" ಎಂದು ಕೇಳಿದರು. ಅವ್ವ ಚಾಳೀಸಿನ ಹಿಂದಿನಿಂದಲೇ, "ಇಲ್ರಿ ಸಾಹೇಬ್ರ, ಎಲ್ಲಿ ಹೊಗಿ? ನನ್ನ ಮಗಾ ಗೋವಾದಿಂದ ಹೊಗಿ ಇಲ್ಲದ ಒಲಿ ಕಳಿಸ್ಯಾನ" ಎಂದಳಂತೆ. ಡಾಕ್ಟರರು ಮತ್ತೆ ಎಂಟು ದಿನಕ್ಕೆ ಬರಲು ಹೇಳಿ, ಅಷ್ಟರೊಳಗೆ ಕೆಂಪು ಇಳಿಯದಿದ್ದರೆ ಈ ಕಣ್ಣಿನ ಆಸೆ ಬಿಡಬೇಕಾದೀತು ಎಂದು ದುರ್ಗಾಳನ್ನು ಪಕ್ಕಕ್ಕೆ ಕರೆದು ತಿಳಿಸಿದರು.

ಆ ಸುದ್ದಿ ಕೇಳಿದ ಮೇಲೆ, ಮಾನ್ಯರೇ, ನಾನು ಬುದ್ಧಿವಂತರು ಮಾಡುವ ಕೆಲಸವನ್ನೇ ಮಾಡಿದೆ. ತಪ್ಪನ್ನು ಹೊರಿಸಲು ಮನೆಯಲ್ಲಿ ಯಾರೂ ಉಳಿದಿರಲಿಲ್ಲವಾದ್ದರಿಂದ ಹೊರಗಿನವರನ್ನು ಹುಡುಕಿದೆ. ಮೆಹಬೂಬಸುಭಾನಿ ಕಾಕಾರಿಗೆ ಫೋನು ಹಚ್ಚಿ, "ಕಾಕಾ, ನಿಮ್ಮ ಕೊಳವಿ ಸೊಟ್ಟ ಐತಿ. ಗೋವಾದಾಗ ಹಿಂಗ ಕೆಲಸ ಮಾಡಿದ್ರ ಮರುದಿನ ಮನಿಗೆ ಕಳಸ್ತಾರ" ಎಂದುಬಿಟ್ಟೆ. ನನ್ನ ಅಪ್ಪನಿಗೂ ಸಮಕಾಲೀನರಾದ, ನಾನು ಚಡ್ಡಿ ಹಾಕುವ ಮೊದಲಿಂದ ತಗಡು ಬಡಿಯುತ್ತಿರುವ ಆ ಹಿರಿಯರು, "ಆತಪಾ, ಗೋವಾದ ಸಾಹೇಬ. ನಾಳೆ ಬಂದು ನೋಡ್ತೀನಿ, ಸೊಟ್ಟ ಯಾವುದೈತಿ ಅಂತ" ಎಂದರು.

ಮರುದಿನ ಅವರು ಬಂದು ಮಾಡಿದ ಮೊದಲ ಕೆಲಸ, ಒಂದು ಕಾಗದ ಹೊತ್ತಿಸಿ ಕೊಳವೆಯ ಬುಡಕ್ಕೆ ಹಿಡಿದದ್ದು. ಹೊಗೆ ಗೆರೆ ಎಳೆದಂತೆ ನೆಟ್ಟಗೆ ಮೇಲೇರಿತು. ಅಂದರೆ ಕೊಳವೆ ಸೊಟ್ಟಗಿರಲಿಲ್ಲ. ಸೊಟ್ಟ ಯಾವುದೆಂಬ ಪ್ರಶ್ನೆ ಮಡಗಾಂವದ ಕಡೆಗೆ ತಿರುಗಿತು. ಆಮೇಲೆ ಅವರು ತಮ್ಮ ಮುಂದೆ ಕುಕ್ಕರಗಾಲಲ್ಲಿ ಕೂತು, ಸಗಣಿ ಕೆಮ್ಮಣ್ಣಿನಿಂದ ನುಣ್ಣಗೆ ಸಾರಿಸಿದ್ದ ತಮ್ಮ ಮೈ ಸವರಿ ನೋಡಿದರು. ನಮ್ಮ ಕಡೆ ಸಾರಿಸದ ಒಲೆಗೆ ಬೆಂಕಿ ಕೊಡುವ ಪದ್ಧತಿಯಿಲ್ಲ ಎಂಬುದು ತಮಗೆ ಈಗಾಗಲೇ ಮೈಯಾರೆ ತಿಳಿದಿದೆ. ಕಣ್ಣಿಗೆ ಕಪ್ಪು ಚಾಳೀಸು ಇದ್ದರೂ ಅವ್ವ ಎಲ್ಲರಿಗಿಂತ ಮೊದಲು ಎದ್ದು, ಬೂದಿಯನ್ನು ಒಂದು ಚಿಟಿಕೆಯೂ ಉಳಿಯದಂತೆ ಬಳಿದು, ಕೈ ಅಂದಾಜಿನಲ್ಲೇ ತಮ್ಮನ್ನು ಸಾರಿಸುತ್ತಿದ್ದಳು. ದುರ್ಗಾಳಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ, ಅವಳು ಹುಟ್ಟಿದಾಗಿನಿಂದ ನೋಡಿದ ಒಲೆಗಳೆಲ್ಲ ಹಾಗೇ ಇದ್ದವು.

"ಅಕ್ಕಾ, ಇದಕ್ಕ ಮುಂದ ತೂತು ಇರ್ಬೇಕಲ್ಲ?" ಎಂದು ಕಾಕಾ ಕೇಳಿದರು.

ಅವ್ವ ಬಾಗಿಲ ಕಡೆ ನೋಡಿ, ಸೆರಗು ಬಾಯಿಗೆ ಅಡ್ಡ ಹಿಡಿದು, ದನಿ ಇಳಿಸಿ ಹೇಳಿದ್ದನ್ನು ಜೋಳ ಹಸನು ಮಾಡುತ್ತ ಕೂತಿದ್ದ ದುರ್ಗಾ ಅಕ್ಷರ ಬಿಡದೆ ನನಗೆ ಮುಟ್ಟಿಸಿದ್ದಾಳೆ. "ಮೆಲ್ಲಕ ಮಾತಾಡೋ ತಮ್ಮಾ. ಇದ್ವು, ಒಂಬತ್ತು ಇದ್ವು. ಪಾಪ, ಹುಡುಗಗ ಯಾರೋ ತೂತಿನ ಒಲಿ ಕಟ್ಟಿ ಕಳಿಸ್ಯಾರ. ಒಂದ ತೂತಿಲ್ಲಂತ ಅಂವ ಅಷ್ಟು ಖುಷೀಲೆ ಹೇಳ್ಯಾನ. ಓಣ್ಯಾಗಿನವ್ರು ನೋಡಿದ್ರ ಮಗಾ ಮೋಸ ಹೋದಾ ಅಂತ ನಗ್ತಾರಲ್ಲ, ಅದಕ್ಕ ದಿನಾ ಸಾರಿಸೂ ಮುಂದ ಮೆತ್ತತೀನಿ. ನೀ ಅವಗ ಹೇಳಬ್ಯಾಡ ನೋಡು."

ಕಾಕಾ ನಗಲಿಲ್ಲವಂತೆ. ನಕ್ಕಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. "ಅಕ್ಕಾ, ಅದು ತೂತಲ್ಲಬೇ, ಒಲಿ ಮೂಗು" ಎಂದು, ಚೀಲದಿಂದ ನಟ್ಟು ತಿರುವುವ ಪಾನಾ ತೆಗೆದು ಮಣ್ಣು ಕೆದರತೊಡಗಿದರು. ಕೆಳಗಿನ ಬೂದಿ ಬಾಗಿಲಲ್ಲಿ ಮೂರು, ಮೇಲಿನ ಉರುವಲಿನ ಬಾಗಿಲಲ್ಲಿ ಐದು ತೂತು ಕಣ್ಣು ಬಿಟ್ಟವು. ಅವುಗಳ ಮೇಲೆ ಜಾರುವ ತಗಡನ್ನೂ ಎಳೆದು ತೋರಿಸಿ, ನನ್ನ ಮೂವತ್ತೊಂದು ಸಂದೇಶಗಳಲ್ಲಿ ಇಲ್ಲದಿದ್ದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದರು: "ಇದ್ದಲಿ ಹಾಕಿದ್ರ ಕೆಳಗಿಂದ ಗಾಳಿ ಬಿಡು, ಬೂದಿ ಝಾಡಿಸಿ ಜಾಳಗಿ ಖುಲ್ಲಾ ಇಡು. ಕಟಗಿ ಹಾಕಿದ್ರ, ಬೆಂಕಿ ಹತ್ತಿದ ಮ್ಯಾಲೆ ಕೆಳಗಿಂದು ಮುಚ್ಚಿ ಮ್ಯಾಲಿಂದು ತಗಿ. ಅದಕ್ಕ ಕೆಳಗ ಎರಡ ಬೆರಳಷ್ಟು ಬೂದಿ ಇರ್ಬೇಕು, ಇಲ್ಲಾಂದ್ರ ಕೆಂಡ ನಿಲ್ಲೂದಿಲ್ಲ." ಬೂದಿ ಉಳಿಸುವುದು ಹೊಲಸಲ್ಲವೇ ಎಂದು ಅವ್ವ ಹಿಂಜರಿದಾಗ, "ಬ್ಯಾರೆ ಒಲಿಗೆ ಹೊಲಸು, ಇದಕ್ಕ ಹಾಸಿಗಿ. ಹಾಸಿಗಿ ಇಲ್ದ ಮಲಗ್ಸಿದ್ರ ಯಾರಿಗೆ ನಿದ್ದಿ ಬರ್ತೈತಿ ಹೇಳು" ಎಂದರಂತೆ.

ಆ ದಿನ ತಾವು ಕೆಮ್ಮಲಿಲ್ಲ. ಜಾಲಿ ಕಟ್ಟಿಗೆ ಒಳಗೊಳಗೇ ಉರಿದು, ಹೊಗೆ ಕೊಳವೆ ಹಿಡಿದು ಮರ್ಯಾದೆಯಿಂದ ಹೊರಗೆ ಹೋಯಿತು. ಅವ್ವನ ರೊಟ್ಟಿ ತಮ್ಮ ಬಾಗಿಲಲ್ಲಿ ನಿಂತು ಉಬ್ಬಿತು. ಮೊದಲ ರೊಟ್ಟಿಯನ್ನು ಮೆಹಬೂಬಸುಭಾನಿ ಕಾಕಾ ತಿಂದರು. ಎಂಟನೆಯ ದಿನ ಗದಗಿನ ಡಾಕ್ಟರರು ಕಣ್ಣಿಗೆ ದೀಪ ಹಿಡಿದು, ಕೆಂಪು ಇಳಿದಿದೆ, ಕಣ್ಣು ಉಳಿಯಿತು ಎಂದರು. ಅವ್ವ ದವಾಖಾನೆಯ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ನನ್ನ ಮುಖ ನೋಡಿ, "ಯಾಕೋ, ಇಷ್ಟ ಸೊರಗೀದಿ? ಈಗ ಕಾಣತೈತಿ ನೋಡು. ಅಲ್ಲೆ ನಿನಗ ಒಲಿ ಇಲ್ಲೇನು?" ಎಂದಳು. ನಾನು ಫೋನನ್ನು ನೆಲದ ಕಡೆ ತಿರುಗಿಸಿ, ಆಗತಾನೆ ಕೂಡಿಸಿದ್ದ ಟೈಲ್ಸ್ ತೋರಿಸಿದೆ.

ಆದ್ದರಿಂದ ಮಾನ್ಯರಲ್ಲಿ ನನ್ನ ತಕರಾರು ಇಷ್ಟು. ಮೂಗು ಮುಚ್ಚಿದಾಗ ಸುಮ್ಮನೆ ಕೆಮ್ಮುವ ಬದಲು ತಾವು ಬಾಯಿ ಬಿಟ್ಟು, "ಎಲೈ ದ್ಯಾಮೇಶ, ಪುಸ್ತಿಕೆಯ ಬಾಣ ನೋಡು" ಎಂದು ಒಂದು ಮಾತು ಹೇಳಬಹುದಿತ್ತು. ಆಗಿದ್ದು ಆಗಿಹೋಯಿತು. ಇನ್ನು ಮುಂದಾದರೂ ತಾವು ಸುಡುವ ಇಂಧನಗಳ ಪಟ್ಟಿಗೆ ಮಾತನ್ನೂ ಸೇರಿಸಿಕೊಂಡು, ನನ್ನ ಮೂವತ್ತೊಂದು ಧ್ವನಿ ಸಂದೇಶಗಳನ್ನು ದುರ್ಗಾಳ ಫೋನಿನಿಂದ ಎಳೆದುಕೊಂಡು ಸುಟ್ಟುಬಿಡಬೇಕೆಂದು ಕೋರುತ್ತೇನೆ. ಅವು ಹಸಿಯಾಗಿವೆ ಎಂದು ತಾವು ನೆಪ ಹೇಳುವಂತಿಲ್ಲ, ಅವುಗಳಲ್ಲಿ ಒಣ ಮಾತು ಬಿಟ್ಟು ಬೇರೇನೂ ಇಲ್ಲ. ಬಂದ ಶಾಖದಲ್ಲಿ ಕಾಕಾರಿಗೆ ಒಂದು ಲೋಟ ಚಹಾ ಕಾಯಿಸಿ, ಕೊಳವೆ ನೆಟ್ಟಗಿದೆಯೆಂದು ನನ್ನ ಪರವಾಗಿ ಓಣಿಯೆಲ್ಲ ಕೇಳುವಂತೆ ಹೇಳಬೇಕು. ಹಾಗೆಯೇ ಎರಡು ದಿನದಲ್ಲಿ ಮಡಗಾಂವದಿಂದ ಹೊಳೆಮಣ್ಣೂರು ಮುಟ್ಟುವ ತಮ್ಮ ವಿದ್ಯೆಯನ್ನು ನನ್ನ ಮುಕಾದಮನಿಗೆ ಪತ್ರಮುಖೇನ ತಿಳಿಸಿ, ನನ್ನನ್ನೂ ಒಂದು ಗೋಣಿಯಲ್ಲಿ ಸುತ್ತಿ ಬಸ್ಸಿಗೆ ಹಾಕುವಂತೆ ಶಿಫಾರಸು ಮಾಡಬೇಕು.

ಬಾಣವನ್ನು ಅಲಂಕಾರವೆಂದುಕೊಂಡ,
ತಮ್ಮ ಮೂಗು ಮುಚ್ಚಿಸಿದ ವಿಶ್ವಾಸಿ,
ದ್ಯಾಮೇಶ

ತಾ.ಕ.: ದುರ್ಗಾ, ಇಲ್ಲಿಂದ ಮುಂದಿನದನ್ನು ಗಟ್ಟಿಯಾಗಿ ಓದಬೇಡ, ಒಲೆಯ ಕಿವಿಗೆ ಮಾತ್ರ ಹೇಳು. ಮಾನ್ಯರೇ, ಅವ್ವ ಎಣಿಸಿದ್ದು ಒಂಬತ್ತು, ಕಾಕಾ ತೆಗೆದದ್ದು ಎಂಟು. ಒಂಬತ್ತನೆಯದು ತಮ್ಮ ಹಿಂಭಾಗದಲ್ಲಿದೆ. ಅದು ಗಾಳಿಯದಲ್ಲ, ತಮ್ಮನ್ನು ತಯಾರಿಸಿದವರು ಬೋಲ್ಟು ಹಾಕುವುದನ್ನು ಮರೆತ ಜಾಗ. ಅಂದರೆ ನಾನು ಒಂದು ತೂತಿನಷ್ಟು ನಿಜವಾಗಿಯೂ ಮೋಸ ಹೋಗಿದ್ದೇನೆ. ಕಾಕಾ ಅದನ್ನು ನೋಡಿ, "ಇದು ಖರೇ ತೂತು, ಇದೊಂದು ಮುಚ್ಚಿರ್ಲಿ ಅಕ್ಕಾ" ಎಂದು ಸ್ವತಃ ಮಣ್ಣು ಮೆತ್ತಿ ಹೋಗಿದ್ದಾರೆ. ಈಗ ಅವ್ವ ತಮ್ಮ ಮೈಯೆಲ್ಲ ಸಾರಿಸುವುದನ್ನು ಬಿಟ್ಟಿದ್ದಾಳೆ. ದಿನಾ ಮುಂಜಾನೆ ಬೆಂಕಿ ಕೊಡುವ ಮೊದಲು ಒಂದು ಬೆರಳು ಸಗಣಿ ಅದ್ದಿ, ಅದೊಂದು ಜಾಗಕ್ಕೆ ಹಚ್ಚಿ, ಆಮೇಲೆ ಕಡ್ಡಿ ಗೀರುತ್ತಾಳೆ. ಆ ಬೋಲ್ಟನ್ನು ಯಾರಾದರೂ ತಂದುಕೊಟ್ಟರೆ ತಾವು ಹಾಕಿಸಿಕೊಳ್ಳಕೂಡದು.