ಸುರಂಗದಲ್ಲಿ ಕೊಟ್ಟ ಮಾತು

ತೊಂದರೆಗೆಲ್ಲ ಮೂಲ ಒಂದು ಲಾಟೀನು. ಅದನ್ನು ಅಂಗಡಿಯಲ್ಲಿ ಕೊಂಡಿದ್ದರೆ, ಊರವರ ಗಡಿಯಾರ ರಿಪೇರಿ ಮಾಡಿಕೊಂಡಿದ್ದ ಗಡಿಯಾರದವರು ತಮ್ಮ ಪಾಡಿಗೆ ತಾವು ಕಣಿವೆಗೆ ಹೋಗಿ, ತಮ್ಮ ಪಾಡಿಗೆ ತಾವು ಬರುತ್ತಿದ್ದರು. ಒಂದು ರಾತ್ರಿಯ ಕೆಲಸಕ್ಕೆ ಹೊಸದೇಕೆ ಎಂದುಕೊಂಡು ಬೆಳಗ್ಗೆ ಎದ್ದವರೇ ಪಕ್ಕದ ಮನೆಯ ಗಾರ್ಡ್ ಸಾಹೇಬರ ಬಾಗಿಲು ತಟ್ಟಿದರು. ಅಲ್ಲಿಗೆ ಅವರ ನೆಮ್ಮದಿಯ ಕತೆ ಮುಗಿಯಿತು.

ಗಾರ್ಡ್ ಸಾಹೇಬರು ರೈಲಿನಿಂದ ನಿವೃತ್ತರಾಗಿ ಬಹಳ ಕಾಲವಾಗಿತ್ತು. ಆದರೆ ರೈಲು ಅವರನ್ನು ಇನ್ನೂ ಬಿಟ್ಟಿರಲಿಲ್ಲ. ಬಚ್ಚಲಿಗೆ ಹೋಗುವಾಗಲೂ ಹಿಂದೆ ಯಾರಾದರೂ ಉಳಿದರೇನೋ ಎಂದು ತಿರುಗಿ ನೋಡಿ ಹೋಗುವ ಮನುಷ್ಯ.

"ಲಾಟೀನು ಯಾಕೆ?" ಎಂದರು.

"ಸುಮ್ಮನೆ. ಒಂದು ರಾತ್ರಿಗೆ ಬೇಕಿತ್ತು."

"ಸುಮ್ಮನೆ ಯಾರೂ ಲಾಟೀನು ಕೇಳೋದಿಲ್ಲ. ಎಲ್ಲಿಗೆ ಹೊರಟಿದೀರಿ, ಹೇಳಿ."

ಸುಳ್ಳು ಹೇಳಲು ಬಾರದಿರುವುದು ಗಡಿಯಾರದವರಿಗೆ ಹುಟ್ಟಿನಿಂದ ಬಂದ ಊನ. "ಕಣಿವೆಗೆ," ಎಂದುಬಿಟ್ಟರು. "ಹಿಂದೆ ರೈಲು ಹೋಗ್ತಿತ್ತಲ್ಲ, ಆ ಕಣಿವೆ. ಒಂದು ರಾತ್ರಿ ಡೇರೆ ಹಾಕ್ಕೊಂಡಿದ್ದು ಬರೋಣ ಅಂತ."

ಗಾರ್ಡ್ ಸಾಹೇಬರ ಮುಖ ಬಾಡಿತು. "ನನ್ನ ಕಣಿವೆ. ನನ್ನ ಲಾಟೀನು. ಮಧ್ಯೆ ನಾನೊಬ್ಬ ಬೇಡವಾದೆನೇ?"

ಗಡಿಯಾರದವರು ತಡವರಿಸುತ್ತಿರುವಾಗಲೇ ಮಹಡಿಯ ಮೇಲಿನ ಕಾಂಪೌಂಡರು ಔಷಧಿಯ ಚೀಲ ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದು ಬಂದರು. ಅವರ ಕಿವಿ ಎಂಥದ್ದೆಂದರೆ, ಕೆಳಗಿನ ಮನೆಯಲ್ಲಿ ಮಾತ್ರೆ ನುಂಗಿದರೆ ಮೇಲಿನ ಮನೆಯಿಂದ "ನೀರು ಕುಡೀರಿ" ಎನ್ನುತ್ತಿದ್ದರು.

"ಒಂಟಿ ಮನುಷ್ಯ, ಅಂಥ ಪ್ರಪಾತ. ಏನಾದರೂ ಆದರೆ?"

"ಏನಾಗುತ್ತೆ ಕಾಂಪೌಂಡರೇ?"

"ನಾನೂ ಅದನ್ನೇ ಕೇಳ್ತಿರೋದು. ನಾನೂ ಬರ್ತೀನಿ."

ಬರುವುದಷ್ಟೇ ಅಲ್ಲ, ಕಾಂಪೌಂಡರು ಆಗಲೇ ಗಡಿಯಾರದವರ ಹೆಂಡತಿಯ ಅಕ್ಕನಿಗೂ ಫೋನು ಮಾಡಿ ಆಗಿತ್ತು. ಬಸ್ ನಿಲ್ದಾಣಕ್ಕೆ ಹೋಗಿ ನೋಡಿದರೆ ಆ ಮಹಾತಾಯಿ ಬುತ್ತಿಯ ಡಬ್ಬಿ, ಮಡಿಸಿದ ಕಂಬಳಿ, ಒಂದು ದಿಂಬು ಇಟ್ಟುಕೊಂಡು ಬೆಂಚಿನ ಮೇಲೆ ಸಿದ್ಧರಾಗಿ ಕುಳಿತಿದ್ದರು.

"ಹೇಳದೇ ಕೇಳದೇ ಹೊರಟಿದೀರಂತೆ," ಎಂದರು.

ಗಡಿಯಾರದವರು ಕಣ್ಣು ಮುಚ್ಚಿ ತೆರೆದರು. ಅವರಿಗೆ ಅತ್ತಿಗೆಯ ಮೇಲೆ ಯಾವ ದ್ವೇಷವೂ ಇರಲಿಲ್ಲ. ಆದರೆ ಅಕ್ಕತಂಗಿಯರ ದನಿ ಒಂದೇ ಅಚ್ಚಿನಲ್ಲಿ ಎರಕ ಹೊಯ್ದದ್ದು. ಹೆಂಡತಿ ತೀರಿಕೊಂಡ ಮೇಲೆ ಆ ದನಿ ಕೇಳಿದಾಗಲೆಲ್ಲ ಅವಳೇ ಕರೆದಂತಾಗಿ ತಿರುಗಿ ನೋಡುತ್ತಿದ್ದರು. ಅದಕ್ಕೇ ಅವರ ಫೋನು ಬಂದರೆ ಗಡಿಯಾರದವರು ಅಂಗಡಿಯ ಗೋಡೆಯ ಗಡಿಯಾರಗಳಿಗೆಲ್ಲ ಕೀಲಿ ಕೊಡುತ್ತ ನಿಂತುಬಿಡುತ್ತಿದ್ದರು. ಫೋನು ತಾನಾಗಿ ಸುಮ್ಮನಾಗುತ್ತಿತ್ತು.

ಅವರು ಕಣಿವೆಗೆ ಹೊರಟದ್ದು ಷೋಕಿಗಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಕರೆದುಕೊಂಡು ಊರಿಗೆ ಹೊರಟದ್ದು ಆ ಕಣಿವೆಯ ರೈಲಿನಲ್ಲೇ. ಆ ಕಡೆಯೇ ಕೆಲಸವಿದ್ದ ಅತ್ತಿಗೆಯೂ ಜೊತೆಗಿದ್ದರು. ಮುಂದೆಲ್ಲೋ ಗುಡ್ಡ ಜರಿದು ಗಾಡಿ ಸುರಂಗದೊಳಗೆ ನಿಂತುಬಿಟ್ಟಿತು. ಡಬ್ಬಿಯಲ್ಲಿ ದೀಪವಿಲ್ಲ. ಕೈ ಮುಂದೆ ಹಿಡಿದರೆ ಕೈ ಕಾಣದ ಕತ್ತಲು. ಆ ಕತ್ತಲಲ್ಲಿ ಮೆಲ್ಲನೆ ಒಂದು ದನಿ: "ಒಂದಲ್ಲ ಒಂದು ದಿನ ಈ ಕಣಿವೆಗೆ ಬಂದು, ಡೇರೆ ಹಾಕ್ಕೊಂಡು ಒಂದು ರಾತ್ರಿ ಇರಬೇಕು."

ಮದುವೆಯಾದಾಗಿನಿಂದ ನಾಚಿಕೆಯಿಂದ ಬಾಯಿ ಬಿಡದಿದ್ದ ಗಡಿಯಾರದವರು ಆಗ ಮೊದಲ ಬಾರಿಗೆ ಮಾತಾಡಿದರು. "ನಾನು ಕರಕೊಂಡು ಬರ್ತೀನಿ," ಎಂದರು.

ಮಾತು ಕೊಟ್ಟದ್ದಾಯಿತು. ಕರೆದುಕೊಂಡು ಹೋಗುವುದು ಆಗಲೇ ಇಲ್ಲ. ಒಂದು ವರ್ಷ ಅಂಗಡಿ, ಒಂದು ವರ್ಷ ಬಾಣಂತನ, ಒಂದು ವರ್ಷ ಮಳೆ. ಪ್ರತಿ ಸಲ ಇವರು "ಈ ವರ್ಷ ಹೋಗೋಣ" ಎಂದರೆ ಆಕೆ "ಹೂಂ, ನೋಡೋಣ, ಮುಂದಿನ ವರ್ಷ" ಎನ್ನುತ್ತಿದ್ದಳು. ನನಗೆ ಕಷ್ಟವಾಗಬಾರದೆಂದು ತನ್ನ ಆಸೆ ನುಂಗಿಕೊಳ್ಳುತ್ತಾಳೆ ಎಂದು ಇವರ ಕಣ್ಣಲ್ಲಿ ನೀರೂರುತ್ತಿತ್ತು. ಆಮೇಲೆ ರೈಲೇ ನಿಂತಿತು, ಕಂಬಿ ಕಿತ್ತರು, ಹಳಿಯಿದ್ದ ಜಾಗ ಕಾಲುದಾರಿಯಾಯಿತು. ಕೊನೆಗೆ ಭಗವಂತ ಆಕೆಯನ್ನೂ ಕರೆದುಕೊಂಡ. ವರ್ಷ ತುಂಬುವುದರೊಳಗೆ ಆ ಸುರಂಗದ ಬಾಯಲ್ಲಿ ಒಂದು ರಾತ್ರಿ ಇದ್ದು, "ನೋಡೇ, ತಡವಾಯ್ತು, ಆದರೂ ಬಂದಿದೀನಿ" ಎಂದು ಹೇಳಿ ಬರಬೇಕು. ಅಷ್ಟೇ ಅವರಿಗೆ ಬೇಕಾದದ್ದು. ಆ ಮಾತನ್ನು ಬಾಯಿಬಿಟ್ಟು ಹೇಳಬೇಕು. ಮೂವರ ಮುಂದೆ ಹೇಳುವುದು ಹೇಗೆ?

ಬಸ್ಸು ಕಣಿವೆಯ ನೆತ್ತಿಯ ಮೇಲೆ ಇಳಿಸಿತು. ಎರಡು ಕಡೆ ಕಲ್ಲಿನ ಗೋಡೆ, ತಳದಲ್ಲಿ ಹೊಳೆ, ನಡುವೆ ಬಂಡೆಯ ಸೊಂಟದಲ್ಲಿ ಕೊರೆದ ಹಳೆಯ ರೈಲುದಾರಿ. ಗಡಿಯಾರದವರು ಬೇಗ ಬೇಗ ಹೆಜ್ಜೆ ಹಾಕಿದರು, ಮೂವರಲ್ಲಿ ಇಬ್ಬರಾದರೂ ಹಿಂದುಳಿಯಲಿ ಎಂಬ ಆಸೆಯಿಂದ.

"ನಿಧಾನ," ಎಂದು ಗಾರ್ಡ್ ಸಾಹೇಬರು ಹಿಂದಿನಿಂದ ಕೂಗಿದರು. "ನಾನು ಹಸಿರು ತೋರಿಸದೆ ಯಾರೂ ಹೊರಡಬಾರದು."

"ನಿಮಗೆ ದಾರಿ ಗೊತ್ತಲ್ಲ, ನೀವೇ ಮುಂದೆ ಬನ್ನಿ," ಎಂದರು ಕಾಂಪೌಂಡರು.

"ಗಾರ್ಡು ಮುಂದೆ ಹೋದದ್ದನ್ನ ಎಲ್ಲಾದರೂ ನೋಡಿದೀರಾ? ನನ್ನ ಜಾಗ ಕೊನೆಯ ಡಬ್ಬಿ."

ಹೀಗೆ ದಾರಿ ಗೊತ್ತಿದ್ದವರು ಹಿಂದೆ, ಗೊತ್ತಿಲ್ಲದವರು ಮುಂದೆ ಆಗಿ ಮೆರವಣಿಗೆ ಸಾಗಿತು. ಇದಕ್ಕಿಂತ ದೊಡ್ಡ ತೊಡಕು ಸ್ವಲ್ಪ ಹೊತ್ತಿನಲ್ಲೇ ಹೊರಬಿತ್ತು. ಗಾರ್ಡ್ ಸಾಹೇಬರು ನೌಕರಿಯ ಉದ್ದಕ್ಕೂ ಆ ಕಣಿವೆಯನ್ನು ಕೊನೆಯ ಡಬ್ಬಿಯ ಬಾಗಿಲಲ್ಲಿ ನಿಂತು, ಹಿಂದಕ್ಕೆ ನೋಡುತ್ತ ಕಂಡವರು. ಯಾವ ಜಾಗವನ್ನಾದರೂ ದಾಟಿ ಹೋದ ಮೇಲೆ, ತಿರುಗಿ ನೋಡಿದರೆ ಮಾತ್ರ ಅವರಿಗೆ ಗುರುತು ಸಿಗುತ್ತಿತ್ತು. ಎದುರಿನಿಂದ ನೋಡಿದರೆ ಹೊಸ ಊರಿಗೆ ಬಂದ ಮಗುವಿನಂತೆ ಕಣ್ಣು ಬಿಡುತ್ತಿದ್ದರು.

ದಾರಿ ಕವಲೊಡೆದಲ್ಲಿ ಗಡಿಯಾರದವರು ಕೇಳಿದರು, "ಎಡಕ್ಕೋ, ಬಲಕ್ಕೋ?"

"ಹೋಗಿ, ಹೋಗಿ. ದಾಟಿದ ಮೇಲೆ ಹೇಳ್ತೀನಿ."

ಬಲಕ್ಕೆ ಹೋದರು. ಮುಳ್ಳುಪೊದೆಗಳ ನಡುವೆ ಬೆವರು ಸುರಿಸಿ ಬಹುದೂರ ನಡೆದ ಮೇಲೆ ಗಾರ್ಡ್ ಸಾಹೇಬರು ಹಿಂದಕ್ಕೆ ತಿರುಗಿ, ಕೈ ಅಡ್ಡ ಹಿಡಿದು ದಿಟ್ಟಿಸಿ, ಸಮಾಧಾನದಿಂದ ತಲೆದೂಗಿದರು. "ಈಗ ಗೊತ್ತಾಯ್ತು. ಇದು ಕಲ್ಲುಗಣಿಗೆ ಹೋಗ್ತಿದ್ದ ದಾರಿ. ಎಡಕ್ಕೆ ಹೋಗಬೇಕಿತ್ತು."

"ಮುಂಚೆ ಹೇಳಬಾರದಿತ್ತೇ?" ಎಂದರು ಅತ್ತಿಗೆ.

"ಮುಂಚೆ ಹೇಗಮ್ಮ ಗೊತ್ತಾಗುತ್ತೆ? ಮುಂದಿನದ್ದು ಡ್ರೈವರನ ಕೆಲಸ."

ಕವಲಿಗೆ ಮರಳಿದ ಮೇಲೆ ಅವರನ್ನು ಮುಂದೆ ಬಿಟ್ಟು, ಹಿಂದುಮುಂದಾಗಿ ನಡೆಸಿ ನೋಡಿದರು. ಗುರುತೇನೋ ಚೆನ್ನಾಗಿ ಸಿಕ್ಕಿತು. ಆದರೆ ಬೆನ್ನು ಮುಂದೆ ಮಾಡಿ ನಡೆಯುತ್ತಿದ್ದ ಸಾಹೇಬರು ಒಂದು ಕಲ್ಲಿಗೆ ತಾಗಿ, ಬೆನ್ನಿಗೆ ಕೈಕೊಟ್ಟು ನಡೆಸುತ್ತಿದ್ದ ಕಾಂಪೌಂಡರ ಮೇಲೆ ಬಿದ್ದರು. ಕಾಂಪೌಂಡರು ಔಷಧಿಯ ಚೀಲದ ಮೇಲೆ ಬಿದ್ದರು. ಒಡೆದ ಸೀಸೆಗಳ ಲೇಹ್ಯ, ಅರಿಷ್ಟ, ಮುಲಾಮು ಎಲ್ಲ ಒಂದಾಗಿ ಅವರ ಷರಾಯಿಗೆ ಮೆತ್ತಿಕೊಂಡು, ಆ ದಿನವೆಲ್ಲ ಅವರು ಹೋದಲ್ಲೆಲ್ಲ ಒಂದು ಆಸ್ಪತ್ರೆಯೇ ನಡೆದು ಬಂದಂತಿತ್ತು.

ಸುರಂಗದ ಬಾಯಿ ತಲುಪುವಾಗ ಮಧ್ಯಾಹ್ನ ಇಳಿದಿತ್ತು. ಹಿಂದೆ ಇಂಜಿನ್ನುಗಳು ನೀರು ತುಂಬಿಕೊಳ್ಳುತ್ತಿದ್ದ ಕಲ್ಲಿನ ತೊಟ್ಟಿ ಇನ್ನೂ ಅಲ್ಲಿತ್ತು. ಅದರ ಪಕ್ಕದಲ್ಲಿ ಗಡಿಯಾರದವರು ಡೇರೆಯ ಗಂಟು ಬಿಚ್ಚಿದರು. ಜೀವಮಾನವೆಲ್ಲ ಕೂದಲೆಳೆಯಂಥ ಸ್ಪ್ರಿಂಗುಗಳನ್ನು ಚಿಮುಟದಲ್ಲಿ ಹಿಡಿದ ಕೈ. ಕೋಲು, ಗೂಟ, ಹಗ್ಗಗಳನ್ನು ನೆಲಕ್ಕೆ ಹಾಸಿದ ಪಂಚೆಯ ಮೇಲೆ ಸಾಲಾಗಿ ಜೋಡಿಸಿ, ಒಂದೊಂದನ್ನೂ ಒರೆಸಿ, ಊದಿ, ಎತ್ತಿ ನೋಡಿ ಡೇರೆ ಎಬ್ಬಿಸಿದರು. ಎಲ್ಲ ಮುಗಿದ ಮೇಲೆ ಒಂದು ಕೋಲು ಪಂಚೆಯ ಮೇಲೇ ಉಳಿದಿತ್ತು.

"ಇದೊಂದು ಹೆಚ್ಚಿಗೆ ಕೊಟ್ಟಿರಬೇಕು," ಎಂದರು.

ಕಾಂಪೌಂಡರು ಒಳಗೆ ಹೋಗಿ ಕಾಲು ಚಾಚಿ ಸೀನಿದರು. ಡೇರೆ ನಿಟ್ಟುಸಿರು ಬಿಟ್ಟು ಅವರ ಮೇಲೆ ಮಲಗಿತು. ಬಟ್ಟೆಯೊಳಗಿಂದ ಅವರ ದನಿ ಬಂತು. "ಗಡಿಯಾರದೋರೇ, ಆ ಹೆಚ್ಚಿನ ಕೋಲು ಎಸೆದುಬಿಟ್ಟಿಲ್ಲ ತಾನೇ?"

ಅವರನ್ನು ಹೊರಗೆ ಎಳೆದು ಹಾಕುವ ಹೊತ್ತಿಗೆ ಎಲ್ಲರ ಉತ್ಸಾಹವೂ ಅದೇ ಡೇರೆಯಂತಾಗಿತ್ತು. ಸಾಹೇಬರ ಮಂಡಿ ಊದಿತ್ತು. ಬುತ್ತಿ ಖಾಲಿಯಾಗಿತ್ತು. ಅತ್ತಿಗೆ ಸೆರಗು ಹೊದ್ದು, "ಸಂಜೆ ಕೊನೇ ಬಸ್ಸಿದೆ. ಈಗ ಹೊರಟರೆ ಸಿಗುತ್ತೆ. ಮನೆಗೆ ಹೋಗೋಣ" ಎಂದರು.

ಗಡಿಯಾರದವರಿಗೆ ದೇವರೇ ಬಂದು ಹೇಳಿದಂತಾಯಿತು. "ಹೌದು, ಹೌದು, ನೀವು ಮೂವರೂ ಹೊರಡಿ. ನಾನು ನಾಳೆ ಬರ್ತೀನಿ."

"ಅದಾಗೋಲ್ಲ," ಎಂದರು ಕಾಂಪೌಂಡರು. "ನಿಮ್ಮೊಬ್ಬರನ್ನೇ ಬಿಟ್ಟು ಹೋದರೆ ನನಗೆ ನಿದ್ದೆ ಬರುತ್ತಾ? ಹೋದರೆ ಎಲ್ಲರೂ."

"ಒಂದು ಡಬ್ಬಿ ಕಳಚಿ ಬಿಟ್ಟು ಗಾಡಿ ಊರು ಸೇರಿದ್ದುಂಟೇ?" ಎಂದರು ಸಾಹೇಬರು.

ಗಡಿಯಾರದವರು ಸುರಂಗದ ಕಡೆ ನೋಡಿದರು. ಇಷ್ಟು ವರ್ಷ ಮುಂದೂಡಿದ್ದು, ಇಷ್ಟು ಹತ್ತಿರ ಬಂದು ಮತ್ತೆ ಮುಂದೂಡುವುದೇ? ಬೇರೆ ದಾರಿ ಕಾಣದೆ, ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಹೇಳಿಬಿಟ್ಟರು. ಆ ರೈಲು, ಆ ಕತ್ತಲು, ಆ ದನಿ, ತಾವು ಕೊಟ್ಟ ಮಾತು. "ಅವಳು ನನ್ನನ್ನ ಕೇಳಿದ್ದು ಅದೊಂದೇ," ಎಂದರು. "ಬಾಯಿಬಿಟ್ಟು ಇನ್ನೇನೂ ಕೇಳಲಿಲ್ಲ ಪುಣ್ಯಾತ್ಗಿತ್ತಿ. ಈ ಒಂದು ರಾತ್ರಿ ಇಲ್ಲಿ ಕಳೆಯದೆ ಹೋದರೆ, ನಾಳೆ ಮೇಲೆ ಹೋದಾಗ ಅವಳ ಮುಖ ಹೇಗೆ ನೋಡಲಿ?"

ಸಾಹೇಬರು ಟೋಪಿ ತೆಗೆದರು. ಕಾಂಪೌಂಡರು ಮೂಗೊರೆಸಿಕೊಳ್ಳಲು ಹೋಗಿ, ಕರವಸ್ತ್ರಕ್ಕೂ ಮುಲಾಮು ಮೆತ್ತಿದ್ದರಿಂದ ಮತ್ತಷ್ಟು ಕಣ್ಣೀರು ಸುರಿಸಿದರು. ಅತ್ತಿಗೆ ಮಾತ್ರ ಅಳಲಿಲ್ಲ. ತೊಟ್ಟಿಯ ಮೇಲೆ ಬೆಳೆದ ಪಾಚಿಯನ್ನು ಎಂದೂ ಕಾಣದವರಂತೆ ನೋಡುತ್ತ ನಿಂತಿದ್ದರು.

"ಬಸ್ಸು ಹಾಳಾಗಿ ಹೋಗಲಿ," ಎಂದರು ಸಾಹೇಬರು. "ಎಲ್ಲರೂ ಇರೋಣ."

ಮೇಲೆ ನೆತ್ತಿಯಲ್ಲಿ ಕೊನೆಯ ಬಸ್ಸಿನ ಹಾರನ್ನು ಕೇಳಿಬಂದು, ತಿರುವಿನಲ್ಲಿ ಸಣ್ಣಗಾಗಿ ನಿಂತಿತು.

ಸಾಹೇಬರೂ ಕಾಂಪೌಂಡರೂ ಈ ಸಲ ಎಲ್ಲ ಕೋಲುಗಳನ್ನೂ ಸೇರಿಸಿ ಡೇರೆ ಕಟ್ಟತೊಡಗಿದಾಗ ಅತ್ತಿಗೆ ಗಡಿಯಾರದವರನ್ನು ಸನ್ನೆ ಮಾಡಿ ಸುರಂಗದೊಳಕ್ಕೆ ಕರೆದರು. ನಾಲ್ಕು ಹೆಜ್ಜೆ ಒಳಗೆ ಹೋದರೆ ಸಾಕು, ಮುಖ ಕಾಣದು. ಆ ಕತ್ತಲಲ್ಲಿ ಮೆಲ್ಲನೆ ದನಿ ಬಂತು.

"ಬೈಬೇಡಿ. ಆವತ್ತು ಹಾಗೆ ಅಂದದ್ದು ನಾನು."

ಗಡಿಯಾರದವರು ದನಿ ಬಂದ ಕಡೆಗೆ ತಿರುಗಿದರು.

"ನೀವು ಎರಡು ದಿನದಿಂದ ತುಟಿ ಪಿಟಕ್ಕೆಂದಿರಲಿಲ್ಲ. ತಂಗಿ ನನ್ನ ಕಿವಿಯಲ್ಲಿ, ಇವರಿಗೆ ಮಾತು ಬರುತ್ತಾ ಇಲ್ಲವಾ ನೋಡೇ ಅಕ್ಕ, ಏನಾದರೂ ಹೇಳಿ ಮಾತಾಡಿಸು ಅಂತ ಗೋಗರೆದಳು. ಬಾಯಿಗೆ ಬಂದದ್ದು ಅಂದೆ. ನೀವು ಕರಕೊಂಡು ಬರ್ತೀನಿ ಅಂದಿರಲ್ಲ, ಖುಷಿಗೆ ನನ್ನ ಕೈ ಚಿವುಟಿದಳು ನೋಡಿ, ವಾರ ಕಪ್ಪಾಗಿತ್ತು."

"ಮತ್ತೆ ಅವಳಿಗೆ ಈ ಜಾಗ..."

"ಅವಳಿಗೆ ಎತ್ತರ ಕಂಡರೆ ತಲೆ ಸುತ್ತು, ಕತ್ತಲೆ ಕಂಡರೆ ಜ್ವರ. ಹುಳು ಅಂದರೆ ಕೇಳೋದೇ ಬೇಡ. ನೀವು ಪ್ರತಿ ವರ್ಷ ಹೋಗೋಣ ಅಂದಾಗ ನನಗೆ ಫೋನು ಮಾಡಿ, ಈ ಸಲ ಹೇಗೆ ತಪ್ಪಿಸಲೇ ಅಂತ ಅಳ್ತಿದ್ದಳು."

"ನನಗೇ ಹೇಳಬಹುದಿತ್ತಲ್ಲ."

"ನಾನೂ ಅಂದೆ. ಹೋಗೋಣ ಅನ್ನುವಾಗ ಅವರ ಮುಖ ಎಷ್ಟು ಚೆನ್ನಾಗಿ ಅರಳುತ್ತೆ ಗೊತ್ತಾ, ಅದನ್ನ ನಾನ್ಯಾಕೆ ಬಾಡಿಸಲಿ ಅಂದಳು." ಅತ್ತಿಗೆ ಇನ್ನೊಂದು ಮಾತು ಸೇರಿಸಿದರು. "ನನಗೂ ಡೇರೆ ಆಗಿಬರೋಲ್ಲ. ಸೊಂಟ ಹಿಡಿಯುತ್ತೆ."

ಗಡಿಯಾರದವರು ಸುರಂಗದ ಒದ್ದೆ ಗೋಡೆಗೆ ಕೈ ಊರಿ ನಿಂತರು. ಖುದ್ದು ಅವರಿಗಂತೂ ಚಾಪೆಯ ಮೇಲೆ ಮಲಗಿದರೂ ಮೈಯೆಲ್ಲ ನೋವು. ಅಂದರೆ ಈ ಕಣಿವೆಗೆ ಬರಬೇಕೆಂದು ಭೂಮಿಯ ಮೇಲೆ ಯಾರೊಬ್ಬರೂ ಯಾವತ್ತೂ ಆಸೆಪಟ್ಟಿರಲಿಲ್ಲ.

ಹೊರಗೆ ಬಂದಾಗ ಸಾಹೇಬರೂ ಕಾಂಪೌಂಡರೂ ಲಾಟೀನಿನ ಎರಡು ಕಡೆ ಗಂಭೀರವಾಗಿ ನಿಂತಿದ್ದರು.

"ನಾವಿಬ್ಬರೂ ಮಾತಾಡಿಕೊಂಡೆವು," ಎಂದರು ಕಾಂಪೌಂಡರು. "ಆ ತಾಯಿಯ ಆಸೆ ಒಂದು ರಾತ್ರಿಗೆ ಮುಗಿಯಬಾರದು. ಇನ್ನು ಮೇಲೆ ಪ್ರತಿ ವರ್ಷ, ಇದೇ ಜಾಗಕ್ಕೆ, ನಾವೆಲ್ಲ ನಿಮ್ಮ ಜೊತೆ ಬರ್ತೀವಿ. ದೇವರ ಮೇಲೆ ಆಣೆ ಇಟ್ಟಿದೀವಿ."

"ಕಾಂಪೌಂಡರೇ, ಒಂದು ವಿಷಯ ಏನಂದ್ರೆ..."

ಕಾಂಪೌಂಡರು ಅವರ ಕೈ ಹಿಡಿದು ಒತ್ತಿದರು. "ಏನೂ ಹೇಳಬೇಡಿ. ನಮಗೆ ಅರ್ಥವಾಗುತ್ತೆ."

ಅತ್ತಿಗೆ ಡೇರೆಯೊಳಗೆ ಬಗ್ಗಿ, ಕಲ್ಲುಗಳ ಮೇಲೆ ದಿಂಬು ಇಟ್ಟು, ಒತ್ತಿ ನೋಡಿ, ಇವರಿಗೆ ಮಾತ್ರ ಕೇಳುವಂತೆ ಗೊಣಗಿದರು. "ಅವಳಿದ್ದಿದ್ದರೆ ಈಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿರ್ತಿದ್ದಳು."

ಗಡಿಯಾರದವರು ತಡೆದುಕೊಳ್ಳಲು ನೋಡಿದರು. ಆಗಲಿಲ್ಲ. ಕಲ್ಲಿನ ಮೇಲೆ ಕುಸಿದು, ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ನಕ್ಕರು. ವರ್ಷದಿಂದ ಬಾರದಿದ್ದ ನಗು ಒಟ್ಟಿಗೇ ಬಂದು ಭುಜವೆಲ್ಲ ಅಲುಗಾಡಿತು. ಕಣ್ಣಲ್ಲಿ ನೀರೂ ಬಂತು. ಯಾವುದು ಯಾವುದೆಂದು ಅವರಿಗೇ ತಿಳಿಯಲಿಲ್ಲ.

ಅಲುಗುವ ಆ ಭುಜಗಳನ್ನು ಹಿಂದಿನಿಂದ ನೋಡಿ ಇಬ್ಬರು ನೆರೆಯವರೂ ಪಾಪ, ಅಳುತ್ತಿದ್ದಾರೆ ಎಂದುಕೊಂಡರು. ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ಬಂದು ಒತ್ತಿಕೊಂಡು ಕುಳಿತರು.

"ಸಾಹೇಬರೇ," ಎಂದರು ಕಾಂಪೌಂಡರು, "ವರ್ಷಕ್ಕೊಂದು ಸಲ ಸಾಲದು ಅನ್ನಿಸುತ್ತೆ."

"ಎರಡು ಸಲ ಬರೋಣ," ಎಂದರು ಗಾರ್ಡ್ ಸಾಹೇಬರು.