ಹದಿನೈದು ಸಾವಿರ ಅಡಿಯ ಟೈಮ್‌ಟೇಬಲ್

ಬಾಯಿತುಂಬ ಹೋಳಿಗೆ ಇರುವಾಗ ಮನುಷ್ಯ ಯಾರಿಗೂ ಮಾತು ಕೊಡಬಾರದು. ಇದನ್ನು ನನಗೆ ಯಾರೂ ಕಲಿಸಲಿಲ್ಲ. ಕಲಿಸಿದ್ದರೆ ಐವತ್ತಾರನೆಯ ವಯಸ್ಸಿನಲ್ಲಿ ಹಿಮಾಲಯದ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರವಿಕೊಂಡು ಕೂರುವ ಗತಿ ನನಗೆ ಬರುತ್ತಿರಲಿಲ್ಲ. ತುಪ್ಪ ಸುರಿದ ಹೋಳಿಗೆ ಗಂಟಲಿನಲ್ಲಿ ಇಳಿಯುವಾಗ ದೇಹಕ್ಕೊಂದು ಸುಳ್ಳು ಧೈರ್ಯ ಬರುತ್ತದೆ. ಆಗ ಯಾರಾದರೂ ಬಂದು ಸಮುದ್ರ ಈಜುತ್ತೀಯಾ ಎಂದು ಕೇಳಿದರೂ ನನ್ನಂಥವನು ತಲೆಯಾಡಿಸಿಬಿಡುತ್ತಾನೆ. ನನ್ನನ್ನು ಯಾರೂ ಏನೂ ಕೇಳಿರಲಿಲ್ಲ ಎಂಬುದು ಇನ್ನೂ ನಾಚಿಕೆಗೇಡಿನ ಸಂಗತಿ.

ಆದದ್ದು ಹೀಗೆ. ಛತ್ರಪತಿ ಸಂಭಾಜಿನಗರದಲ್ಲಿ ನನ್ನ ಹೆಂಡತಿ ಸುನಂದಾಳ ಅಕ್ಕ ಮಹಾದೇವಿಯವರ ಮನೆಯಲ್ಲಿ ಪೂಜೆ ಇತ್ತು. ನಾವೆಲ್ಲ ಮೂಲತಃ ಬೀದರ್ ಕಡೆಯವರು. ನಾನು ನಾಶಿಕದ ಒಂದು ಕಾರ್ಖಾನೆಯಲ್ಲಿ ಪ್ಲಾನಿಂಗ್ ವಿಭಾಗಕ್ಕೆ ಸೇರಿ ಇಪ್ಪತ್ತೇಳು ವರ್ಷವಾಯಿತು. ಮಹಾದೇವಿಯವರು ಯಜಮಾನರು ತೀರಿಕೊಂಡ ಮೇಲೆ ಒಬ್ಬರೇ ಅಲ್ಲಿ ಖಾನಾವಳಿ ನಡೆಸುತ್ತಾರೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಊರು ಬಿಟ್ಟು ಬಂದ ನಮ್ಮ ಕಡೆಯ ಹುಡುಗರೆಲ್ಲ ಅಲ್ಲೇ ಉಣ್ಣುತ್ತಾರೆ. ಆವತ್ತು ಪಂಕ್ತಿಯಲ್ಲಿ ಕೂತಿದ್ದಾಗ ಸುನಂದಾ, ಬರುವ ಆಷಾಢದಲ್ಲಿ ತನಗೆ ಐವತ್ತು ತುಂಬುತ್ತದೆ, ಆಗ ಸ್ಪಿತಿ ಕಣಿವೆಯಲ್ಲಿ ಸೈಕಲ್ ಹೊಡೆಯುತ್ತೇನೆ, ಕುಂಜುಮ್ ಘಾಟಿ ದಾಟುತ್ತೇನೆ ಎಂದು ಸಾರು ಬಡಿಸಿಕೊಳ್ಳುತ್ತ ಹೇಳಿಬಿಟ್ಟಳು. ಪಂಕ್ತಿಯೆಲ್ಲ ನಕ್ಕಿತು. ಕುಂಜುಮ್ ಎಂದರೆ ಸುಮಾರು ಹದಿನೈದು ಸಾವಿರ ಅಡಿ ಎತ್ತರ ಎಂದು ಯಾರೋ ಮೊಬೈಲಿನಲ್ಲಿ ನೋಡಿ ಓದಿದರು, ಇನ್ನಷ್ಟು ನಕ್ಕರು. ಅವಳ ಸೋದರಮಾವ ಒಬ್ಬರು, ಒಬ್ಬಳೇ ಹೋಗ್ತೀಯೇನವ್ವಾ ಎಂದು ಕೆಣಕಿದರು. ಅವಳ ಮುಖ ಸಣ್ಣದಾಯಿತು. ಅದನ್ನು ನೋಡಲಾಗದೆ, ಎರಡನೆಯ ಹೋಳಿಗೆಯ ಮಧ್ಯದಲ್ಲಿ, "ಯಾಕ? ನಾ ಇಲ್ಲೇನು?" ಎಂದೆ.

ಸುನಂದಾ ನನ್ನ ಕಡೆ ತಿರುಗಿ ನೋಡಿದ ನೋಟ ಮದುವೆಯ ದಿನವೂ ನನಗೆ ಸಿಕ್ಕಿರಲಿಲ್ಲ. ಪುಣೆಯಲ್ಲಿರುವ ಮಗಳಿಗೆ ಸುದ್ದಿ ಹೋಯಿತು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. "ಬಾಬಾ, ತುಮ್ಹಿ? ನಕ್ಕೀ?" ಎಂದಳು. ಅಪ್ಪಾ, ನೀವೇ, ಖಚಿತವೇ ಎಂದು ಅರ್ಥ. ಖಚಿತ ಎಂದೆ. ಹೋಳಿಗೆ ಜೀರ್ಣವಾಗುವ ಹೊತ್ತಿಗೆ ಧೈರ್ಯವೂ ಜೀರ್ಣವಾಗಿತ್ತು, ಆದರೆ ಆಗಲೇ ಎರಡು ಸೈಕಲ್‌ಗಳನ್ನು ಆರಿಸಿಯಾಗಿತ್ತು.

ಇಲ್ಲಿ ನನ್ನ ಹೆಂಡತಿಯ ಬಗ್ಗೆ ಸ್ವಲ್ಪ ಹೇಳಬೇಕು. ಅವಳು ನಾಶಿಕದ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಅದಕ್ಕಿಂತ ಮುಖ್ಯವಾಗಿ, ಹದಿನಾರು ವರ್ಷದಿಂದ ಆ ಶಾಲೆಯ ಟೈಮ್‌ಟೇಬಲ್ ಹಾಕುವವಳು ಅವಳೇ. ನಾನು ಕಾರ್ಖಾನೆಯಲ್ಲಿ ಪ್ಲಾನಿಂಗ್ ಮಾಡುತ್ತೇನೆ ನಿಜ. ಆದರೆ ನನ್ನ ಪ್ಲಾನಿನಲ್ಲಿ ಕಬ್ಬಿಣ ಹೇಳಿದ ದಿನ ಬರದಿದ್ದರೆ ನಾನು ಫೋನ್ ಹಿಡಿದು ಕೂಗಾಡುತ್ತೇನೆ, ಅಷ್ಟೆ. ಅವಳ ಟೈಮ್‌ಟೇಬಲ್ಲಿನಲ್ಲಿ ಪ್ರತಿಯೊಬ್ಬ ಶಿಕ್ಷಕರ ಹೆಸರಿನ ಪಕ್ಕದಲ್ಲೂ ಬದಲಿ ಎಂಬ ಕಾಲಂ ಇರುತ್ತದೆ. ಯಾರಿಗೆ ಯಾವಾಗ ಜ್ವರ ಬರುತ್ತದೆ ಎಂಬುದು ಅವರಿಗಿಂತ ಮೊದಲು ಇವಳಿಗೆ ಗೊತ್ತು. ಇತಿಹಾಸದ ಸರ್ ದೀಪಾವಳಿ ರಜೆಯ ಮರುದಿನ ಬರುವುದಿಲ್ಲ, ಚಿತ್ರಕಲೆಯ ಟೀಚರಮ್ಮ ಸೋಮವಾರ ಮಳೆಯಿದ್ದರೆ ಬರುವುದಿಲ್ಲ. ಅವರು ಬರಲಿಲ್ಲ ಎಂದು ಮುಖ್ಯೋಪಾಧ್ಯಾಯರು ಗಾಬರಿಯಾಗುವ ಹೊತ್ತಿಗೆ ಬದಲಿಯವರು ತರಗತಿಯೊಳಗೆ ಹಾಜರಿ ಕೂಗುತ್ತಿರುತ್ತಾರೆ. ಬರದವರಿಗೆ ಅವಳು ಒಂದು ಮಾತೂ ಅನ್ನುವುದಿಲ್ಲ. ಮುಂದಿನ ವಾರ ಬದಲಿಯವರ ಒಂದು ಪಿರಿಯಡ್ ಅವರ ಪಾಲಿಗೆ ಬಂದಿರುತ್ತದೆ.

ಅಂಥವಳು ಪ್ರವಾಸದ ಯೋಜನೆಗೆ ಇಳಿದರೆ ಹೇಗಿರುತ್ತದೆ ನೋಡಿ. ಒಂದು ನೂರು ಪುಟದ ನೋಟ್‌ಬುಕ್ ಬಂತು. ಯಾವ ದಿನ ಎಷ್ಟು ಕಿಲೋಮೀಟರ್, ಎಷ್ಟು ಏರು, ಎಲ್ಲಿ ಗಾಳಿ ತೆಳುವಾಗುತ್ತದೆ, ಎಲ್ಲಿ ಒಂದು ದಿನ ಸುಮ್ಮನೆ ಕೂತು ಉಸಿರಿಗೆ ಅಭ್ಯಾಸ ಮಾಡಿಸಬೇಕು ಎಲ್ಲ ಅದರಲ್ಲಿ ಬಂತು. ಸ್ಪಿತಿಯ ಒಂದು ಹಳ್ಳಿಯಲ್ಲಿ ಅತಿಥಿಗಳನ್ನು ಇಟ್ಟುಕೊಳ್ಳುವ ಹೆಂಗಸೊಬ್ಬರಿಗೆ ಫೋನ್ ಮಾಡಿದಳು. ಮೊದಲ ಫೋನಿನಲ್ಲಿ ಕೋಣೆಯ ವಿಚಾರ, ಎರಡನೆಯದರಲ್ಲಿ ಬಟಾಣಿ ಬೆಳೆಯ ವಿಚಾರ. ಮೂರನೆಯ ಫೋನನ್ನು ಆ ಹೆಂಗಸೇ ಮಾಡಿ, ಮಗಳಿಗೆ ಬೀಜಗಣಿತ ತಲೆಗೆ ಹತ್ತುತ್ತಿಲ್ಲ ಎಂದು ಹೇಳಿಕೊಂಡರು. ಈಗ ಪ್ರತಿ ಭಾನುವಾರ ನಮ್ಮ ಅಡುಗೆಮನೆಯಿಂದ ಹಿಮಾಲಯಕ್ಕೆ ಸಮೀಕರಣಗಳು ಹೋಗುತ್ತವೆ. ಪಂಕ್ಚರ್ ಹಾಕುವುದನ್ನೂ ಕಲಿತಳು. ನಡುಮನೆಯಲ್ಲಿ ನೀರಿನ ಟಬ್ ಇಟ್ಟು, ಟ್ಯೂಬು ಮುಳುಗಿಸಿ, ಗುಳ್ಳೆ ಎಲ್ಲಿ ಬರುತ್ತದೆಂದು ಬಗ್ಗಿ ನೋಡುತ್ತಿದ್ದಳು. ನನ್ನ ಕೆಲಸ ಟಬ್ ಅಲುಗಾಡದಂತೆ ಹಿಡಿಯುವುದು. ಅದನ್ನು ನಾನು ಚೆನ್ನಾಗಿ ಮಾಡಿದೆ ಎಂದು ಅವಳೇ ಹೇಳಿದ್ದಾಳೆ.

ನಾನೂ ಯೋಜನೆಗೆ ಏನಾದರೂ ಕೊಡಬೇಕಲ್ಲ. ಆಹಾರದ ಖಾತೆ ನನ್ನದು ಎಂದೆ. ನಮ್ಮವರು ಕಾಶಿಗೆ ಹೋಗಲಿ, ಆಸ್ಪತ್ರೆಗೆ ಹೋಗಲಿ, ಖಡಕ್ ರೊಟ್ಟಿ ಇಲ್ಲದೆ ಹೊರಡುವುದಿಲ್ಲ. ಒಣಗಿಸಿದ ಜೋಳದ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ, ತೂಕವಿಲ್ಲ. ಪರೀಕ್ಷೆಗೆಂದು ನಲವತ್ತು ರೊಟ್ಟಿಯನ್ನು ಎರಡೂ ಸೈಕಲ್ಲಿನ ಚೀಲಗಳಿಗೆ ತುಂಬಿ ಒಂದು ಬೆಳಿಗ್ಗೆ ಸೈನ್ಯದ ನೆಲೆಯಾದ ದೇವಳಾಲಿ ಕ್ಯಾಂಪಿನ ಕಡೆ ಹೊರಟೆವು. ಅಲ್ಲಿ ರಸ್ತೆ ಚೆಂದ, ಸ್ಪೀಡ್‌ಬ್ರೇಕರ್ ಮಾತ್ರ ಲೆಕ್ಕವಿಲ್ಲದಷ್ಟು. ಮನೆಗೆ ಬಂದು ಚೀಲ ಬಿಚ್ಚಿದರೆ ರೊಟ್ಟಿಯೆಲ್ಲ ಹಿಟ್ಟಾಗಿ ಮರಳಿ ಗಿರಣಿಯ ಸ್ಥಿತಿಗೆ ಬಂದಿತ್ತು. ಜೊತೆಗಿಟ್ಟ ಶೇಂಗಾ ಚಟ್ನಿ ಅದರಲ್ಲಿ ಬೆರೆತು, ಯಾವುದು ರೊಟ್ಟಿ ಯಾವುದು ಚಟ್ನಿ ಎಂದು ಹೇಳುವಂತಿರಲಿಲ್ಲ. ನಾಲ್ಕು ದಿನ ಮೊಸರಿನಲ್ಲಿ ಕಲಸಿ ತಿಂದೆವು. ಸುನಂದಾ ಬೈಯಲಿಲ್ಲ. ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡಳು.

ಆ ಬೆಳಗಿನ ಇನ್ನೊಂದು ಘಟನೆಯನ್ನು ಮುಚ್ಚಿಡಬಾರದು. ಕ್ಯಾಂಪಿನ ರಸ್ತೆಯಲ್ಲಿ ಜವಾನರ ಒಂದು ತುಕಡಿ ಓಡುತ್ತ ನಮ್ಮ ಹಿಂದಿನಿಂದ ಬಂತು. ಅವರು ಕಾಲಿನ ಮೇಲೆ, ನಾನು ಚಕ್ರದ ಮೇಲೆ. ಆದರೂ ಅವರು ನನ್ನನ್ನು ದಾಟಿ ಹೋದರು. ದಾಟುವಾಗ ಕೊನೆಯವನು ನನ್ನ ಬೆನ್ನು ತಟ್ಟಿ, ಶಾಬಾಸ್ ಅಂಕಲ್ ಎಂದ. ಮುಂದೆ ಬಹಳ ದೂರದಲ್ಲಿ ಸುನಂದಾ ಹೋಗುತ್ತಿದ್ದಳು. ತುಕಡಿ ಅವಳನ್ನು ದಾಟಲು ನೋಡಿತು, ಆಗಲಿಲ್ಲ.

ಅಲ್ಲಿಂದ ನಾನು ನೆಪಗಳ ಸಂಗ್ರಹ ಶುರುಮಾಡಿದೆ. ಕಾರ್ಖಾನೆಯಲ್ಲಿ ರಜೆ ಸಿಗುವುದಿಲ್ಲ ಎನ್ನಲೇ? ಸಾಹೇಬರಿಗೆ ಅವಳು ಮೊದಲೇ ಫೋನ್ ಮಾಡಿ ಕೇಳಿಯಾಗಿತ್ತು, ಅವರು ಸಂತೋಷದಿಂದ ಕೊಟ್ಟಿದ್ದರು. ನಾನಿಲ್ಲದಿದ್ದರೆ ಅಷ್ಟು ಸಂತೋಷವೇ ಎಂದು ಬೇಜಾರಾಯಿತು. ಕೊನೆಗೆ ಮೊಣಕಾಲನ್ನು ಆರಿಸಿಕೊಂಡೆ. ಎರಡು ವಾರ ಕುಂಟಿದೆ. ಒಂದು ಸಂಜೆ ಅವಳು, ನಿನ್ನೆ ಎಡಗಾಲಾಗಿತ್ತಲ್ರಿ ಎಂದು ಮೆಲ್ಲಗೆ ಕೇಳಿದ ಮೇಲೆ ಕುಂಟುವುದನ್ನು ನಿಲ್ಲಿಸಿದೆ.

ಸೀತಾಫಲದ ಕಾಲಕ್ಕೆ ಸಂಭಾಜಿನಗರಕ್ಕೆ ಹೋದಾಗ ನಿಜವಾದ ಏರಿನ ಪರೀಕ್ಷೆ ಆಯಿತು. ದೌಲತಾಬಾದ್ ಕೋಟೆ ದಾಟಿದರೆ ಖುಲ್ದಾಬಾದಿನ ಘಾಟಿ. ಮಹಾದೇವಿಯವರೂ ನಮ್ಮ ಜೊತೆ ಹೊರಟರು. ಗೇರಿಲ್ಲದ ಕಪ್ಪು ಸೈಕಲ್, ಹಿಂದೆ ದೊಡ್ಡ ಕ್ಯಾರಿಯರ್. ಖಾನಾವಳಿಯ ಕಾಯಿಪಲ್ಲೆಯನ್ನು ಇಪ್ಪತ್ತು ವರ್ಷದಿಂದ ಅದರ ಮೇಲೇ ತಂದವರು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡರು, ಹತ್ತಿದರು, ಹೋದರು. ಅವರ ಹಿಂದೆ ಸುನಂದಾ. ನಾನು ಮೊದಲನೆಯ ತಿರುವಿನಲ್ಲಿ ಇಳಿದು ಕೋಟೆಯ ವಾಸ್ತುಶಿಲ್ಪವನ್ನು ಮೆಚ್ಚಿದೆ. ಎರಡನೆಯ ತಿರುವಿನಲ್ಲಿ ಮತ್ತೆ ಮೆಚ್ಚಿದೆ. ಮೂರನೆಯ ತಿರುವಿನಿಂದ ಸೈಕಲ್ ತಳ್ಳಿಕೊಂಡೇ ನಡೆದೆ. ಮೇಲೆ ಮುಟ್ಟಿದಾಗ ಅಕ್ಕತಂಗಿಯರು ಸೀತಾಫಲ ತಿಂದು ಮುಗಿಸಿ ಬೀಜಗಳನ್ನು ಒಂದು ಕಾಗದದಲ್ಲಿ ಕಟ್ಟುತ್ತಿದ್ದರು. ಇಬ್ಬರ ಮುಖವೂ ಬಿಸಿಲಿಗೆ ಕೆಂಪಾಗಿ, ಹತ್ತು ಹನ್ನೆರಡು ವರ್ಷದ ಹುಡುಗಿಯರ ಹಾಗೆ ಕಾಣುತ್ತಿತ್ತು. ನನಗೆ ಹೊಟ್ಟೆಕಿಚ್ಚಾಯಿತು, ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು.

ನಾಶಿಕಕ್ಕೆ ಮರಳಿದ ವಾರ, ಸ್ಪಿತಿಯ ಆ ಹೆಂಗಸಿನ ಫೋನ್ ನಂಬರ್ ಬೇಕಾಗಿ ನಾನು ಆ ನೋಟ್‌ಬುಕ್ ತೆಗೆದೆ. ಅದರಲ್ಲಿ ಎದುರುಬದುರು ಎರಡು ಪುಟಗಳಿದ್ದವು. ಒಂದರ ತಲೆಯ ಮೇಲೆ 'ಇವರು ಬಂದರೆ' ಎಂದಿತ್ತು, ಇನ್ನೊಂದರ ಮೇಲೆ 'ಇವರು ಬರದಿದ್ದರೆ'. ಬರದಿದ್ದರೆ ಎಂಬ ಪುಟದಲ್ಲಿ ಕುಂಜುಮ್ ಘಾಟಿ ಇತ್ತು, ಅದರ ಸುತ್ತ ಪೆನ್ಸಿಲಿನಲ್ಲಿ ಸಣ್ಣ ಹೂವು ಬರೆದಿದ್ದಳು. ಬಂದರೆ ಎಂಬ ಪುಟದಲ್ಲಿ ದಿನದ ದೂರವೆಲ್ಲ ಅರ್ಧಕ್ಕಿಳಿದಿತ್ತು. ಮೂರು ಮೂರು ಕಿಲೋಮೀಟರಿಗೆ ವಿಶ್ರಾಂತಿ ಎಂದಿತ್ತು. ಏರು ಕಡಿಮೆಯಿರುವ ಹಳ್ಳಿಗಳನ್ನು ಹುಡುಕಿ ಹುಡುಕಿ ಸೇರಿಸಿದ್ದಳು. ಕುಂಜುಮ್ ಹೆಸರಿನ ಮೇಲೆ ಮಾತ್ರ ಸ್ಕೇಲು ಇಟ್ಟು ಕೆಂಪು ಗೆರೆ ಎಳೆದಿದ್ದಳು.

ನನ್ನ ಜೀವನದಲ್ಲಿ ನಾನು ಅಷ್ಟು ಚಿಕ್ಕವನಾದದ್ದು ನೆನಪಿಲ್ಲ. ನಾನು ತಪ್ಪಿಸಿಕೊಳ್ಳಲು ಮೊಣಕಾಲು ಹುಡುಕುತ್ತಿದ್ದಾಗ, ಇವಳು ನನ್ನನ್ನು ಬಿಟ್ಟುಹೋಗಬಾರದೆಂದು ತನ್ನ ಘಾಟಿಯನ್ನೇ ಹೊಡೆದುಹಾಕಿದ್ದಳು. ಒಂದು ಮಾತೂ ಆಡದೆ. ಆಗ ನಾನು ತೀರ್ಮಾನಿಸಿದೆ: ಇನ್ನು ನೆಪ ಬೇಡ, ನಿಜವನ್ನೇ ಹೇಳುತ್ತೇನೆ. ಸುಳ್ಳು ಹೇಳಲು ಎರಡು ತಿಂಗಳು ತಯಾರಿ ಮಾಡಿದವನಿಗೆ ನಿಜ ಹೇಳಲು ಮೂರು ದಿನ ಬೇಕಾಯಿತು.

ಸಂಜೆ ಅವಳು ಉತ್ತರಪತ್ರಿಕೆ ತಿದ್ದುತ್ತಿದ್ದಳು. ಎದುರಿಗೆ ಕೂತು ಹೇಳಿದೆ: "ಸುನಂದಾ, ನನ್ನ ಕೈಲಿ ಹತ್ತೂದು ಆಗಂಗಿಲ್ಲ. ಕಾಲು ಚಲೋ ಅದ, ನನಗ ಅಂಜಿಕಿ. ನೀ ಕುಂಜುಮ್ ಬಿಡಬ್ಯಾಡ. ಹೋಗಿ ಬಾ."

ಅವಳು ಕೆಂಪು ಪೆನ್ನಿನ ಮುಚ್ಚಳ ಹಾಕಿದಳು. ಕಣ್ಣು ಒದ್ದೆಯಾದದ್ದು ನನಗೆ ಕಾಣಿಸಿತು.

"ನನಗ ಗೊತ್ತಿತ್ರಿ," ಎಂದಳು. "ಆದ್ರ ಎಲ್ಲಾರೂ ನಗಾಕತ್ತಾಗ ಬರ್ತೀನಿ ಅಂದವರು ನೀವೊಬ್ಬರೇ. ಅಂಥವರಿಗೆ ನಾ ಹೆಂಗ ಬ್ಯಾಡ ಅನ್ಲಿ? ನೀವಾಗೇ ಹೇಳೂತನಕ ಕಾಯೂಣು ಅಂದೆ. ಹೇಳದಿದ್ರ ಸಣ್ಣ ದಾರಿಲೇ ಹೋಗ್ತಿದ್ವಿ. ಅದೂ ಚಲೋನೇ ಇತ್ತು."

ಆ ಕ್ಷಣದಲ್ಲಿ ನಾನು ತ್ಯಾಗಮೂರ್ತಿಯಾಗಿದ್ದೆ. ನನ್ನ ಸುತ್ತ ಒಂದು ಪ್ರಭಾವಳಿಯೇ ಇದ್ದಿರಬೇಕು. ನೀನೊಬ್ಬಳೇ ಹೇಗೆ ಹೋಗುತ್ತೀಯ ಎಂಬುದೊಂದೇ ನನಗೆ ಚಿಂತೆ ಎಂದು ಗಂಭೀರವಾಗಿ ಹೇಳಿದೆ. ಅವಳು ನೋಟ್‌ಬುಕ್ ತಂದು ನಾನು ನೋಡದಿದ್ದ ಕೊನೆಯ ಪುಟ ತೆರೆದಳು. ನನ್ನ ಹೆಸರು, ಅದರ ಪಕ್ಕದಲ್ಲಿ ಬದಲಿ ಕಾಲಂ, ಅದರಲ್ಲಿ ಮಹಾದೇವಿ ಎಂದಿತ್ತು. ಬರೆದದ್ದು ದೇವಳಾಲಿ ಕ್ಯಾಂಪಿನಿಂದ ಬಂದ ದಿನ. ಅಂದರೆ ಜವಾನರು ನನ್ನನ್ನು ದಾಟಿದ ದಿನವೇ ನನ್ನ ಜ್ವರ ಅವಳಿಗೆ ತಿಳಿದಿತ್ತು. ಅಕ್ಕ ಆಗಲೇ ಉಣ್ಣೆಯ ಟೊಪ್ಪಿಗೆ ಹೆಣೆಯುತ್ತಿದ್ದಾರಂತೆ. ಪ್ರಭಾವಳಿ ಸ್ವಲ್ಪ ಮಂಕಾಯಿತು.

ಹಾಗಾದರೆ ಅಕ್ಕನ ಖಾನಾವಳಿ ಯಾರು ನೋಡಿಕೊಳ್ಳುತ್ತಾರೆ ಎಂದು, ಸುಮ್ಮನಿರಲಾರದೆ ಕೇಳಿದೆ. ಅವಳು ಬೆರಳನ್ನು ಒಂದು ಸಾಲು ಕೆಳಗಿಳಿಸಿದಳು. ರೊಟ್ಟಿ ಬಡಿಯಲು ಇಬ್ಬರು ಹೆಂಗಸರಿದ್ದಾರೆ, ಅದಕ್ಕೆ ತೊಂದರೆಯಿಲ್ಲ. ದಿನಾ ಬೆಳಿಗ್ಗೆ ಐದೂವರೆಗೆ ಮಂಡಿಗೆ ಹೋಗಿ ಬದನೆಕಾಯಿ, ಮೆಂತ್ಯ, ಉಳ್ಳಾಗಡ್ಡಿ ತರುವ ಕೆಲಸದ ಎದುರು ನನ್ನ ಹೆಸರಿತ್ತು. ಒಟ್ಟು ಹನ್ನೆರಡು ದಿನ. ವಾಹನ ಎಂಬಲ್ಲಿ ಕಪ್ಪು ಸೈಕಲ್ ಎಂದಿತ್ತು. ಸಾಹೇಬರು ಅಷ್ಟು ಸಂತೋಷದಿಂದ ಕೊಟ್ಟ ರಜೆಯೂ ಹನ್ನೆರಡೇ ದಿನ ಎಂಬುದು ಆಗ ಹೊಳೆಯಿತು.

ಆಸೆಯಿಂದ ನಾನು ಪಕ್ಕದ ಬದಲಿ ಕಾಲಂ ನೋಡಿದೆ. ಅದು ಖಾಲಿಯಿತ್ತು. ಇದನ್ನು ಬಿಟ್ಟಿದ್ದೀಯಲ್ಲ ಎಂದು ತೋರಿಸಿದೆ. ಹದಿನಾರು ವರ್ಷದಲ್ಲಿ ಆ ಕಾಲಂ ಖಾಲಿ ಬಿಟ್ಟವಳಲ್ಲ ಅವಳು.

"ಬಿಟ್ಟಿಲ್ರಿ," ಎಂದಳು. "ಅಕ್ಕನ ಖಾನಾವಳಿ ಒಪ್ಪಿಸಾಕ ನನಗ ನಿಮ್ಮನ್ನ ಬಿಟ್ರ ಬ್ಯಾರೆ ಯಾರ ಮ್ಯಾಲೂ ನಂಬಿಕಿ ಇಲ್ಲ."

ಇಂಥ ಮಾತು ಕೇಳಲು ನಾನು ಇಪ್ಪತ್ತೈದು ವರ್ಷ ಕಾದಿದ್ದೇನೆ. ಎದೆ ತುಂಬಿ ಬಂತು. ನಾಳೆಯಿಂದಲೇ ಸೈಕಲ್ ಪ್ರ್ಯಾಕ್ಟೀಸ್ ಶುರು ಎಂದುಬಿಟ್ಟೆ. ಈ ಸಲ ಬಾಯಲ್ಲಿ ಹೋಳಿಗೆಯ ಚೂರೂ ಇರಲಿಲ್ಲ, ಆದ್ದರಿಂದ ತಪ್ಪನ್ನು ಯಾರ ಮೇಲೂ ಹಾಕುವಂತಿಲ್ಲ.