ಪರದೆ ಇಳಿದಾಗ ಕೆಮ್ಮಲು ಅನುಮತಿ ಕೋರಿ

ದಿನಾಂಕ: ಪರದೆ ಪರೀಕ್ಷೆ ಮತ್ತೆ ಶುರುವಾಗುವ ಹಿಂದಿನ ದಿನ

ಇಂದ,
ವಿಚಾರಣೆ ಕೌಂಟರಿನ ಗುಮಾಸ್ತೆ,
ಸಾರ್ವಜನಿಕ ಸೇವಾ ಭವನ
(ಸದ್ಯ ನೋಟಿಸಿಗೆ ಗುರಿಯಾದವಳು)

ಗೆ,
ಮುಖ್ಯಾಧಿಕಾರಿಗಳು,
ಅದೇ ಭವನ, ಅದೇ ನೆಲ, ಪರದೆಯ ಆಚೆ

ಮುಖಾಂತರ: ತಮ್ಮ ಬಾಗಿಲ ಜವಾನ (ಭವನದೊಳಗೆ ಬಾಗಿಲೇ ಇಲ್ಲದ ಕಾರಣ ‘ಸೋಫಾದ ಜವಾನ’ ಎಂದು ಓದಿಕೊಳ್ಳುವುದು)

ವಿಷಯ: ಬೆಂಕಿ ತಡೆಯುವ ಪರದೆ ಇಳಿದಿರುವ ವೇಳೆಯಲ್ಲಿ ಅದರ ಆಚೆ ಕೂತ ಸಾರ್ವಜನಿಕರಿಗೆ, ಅದರಲ್ಲೂ ಅರ್ಜಿದಾರಳ ಅತ್ತೆಗೆ, ಕೆಮ್ಮಲು ಅನುಮತಿ ನೀಡುವ ಬಗ್ಗೆ.

ಉಲ್ಲೇಖ: 1. ಕಾರಣ ಕೇಳಿ ತಾವು ಹೊರಡಿಸಿದ ನೋಟಿಸು.
2. ಪರದೆ ಪರೀಕ್ಷೆ ಎಂದಿನಂತೆ ಮುಂದುವರಿಯುವುದೆಂಬ ತಮ್ಮ ಸುತ್ತೋಲೆ.
3. ಅತ್ತೆಯವರ ಕೆಮ್ಮು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ತಮ್ಮ ಅವಗಾಹನೆಗೆ ತರುವುದೇನೆಂದರೆ: ಅವಳು ತನ್ನನ್ನು ‘ಅರ್ಜಿದಾರಳು’ ಎಂದೇ ಕರೆದುಕೊಳ್ಳುತ್ತಿದ್ದಾಳೆ. ಕಾರಣ, ‘ನಾನು’ ಎಂದರೆ ಯಾರೆಂದು ತಮಗೆ ಗೊತ್ತಾಗುವುದಿಲ್ಲ. ಇಷ್ಟು ವರ್ಷ ಎದುರಿಗೇ ಕೂತವಳನ್ನು ತಾವು “ಏಯ್ ವಿಚಾರಣೆ” ಎಂದೇ ಕರೆದಿರುತ್ತೀರಿ.

1. ಸದರಿ ಭವನದಲ್ಲಿ ಗೋಡೆಗಳಿಲ್ಲ. ಗೋಡೆಯಿಲ್ಲದ ಕಚೇರಿ, ಮುಚ್ಚುಮರೆಯಿಲ್ಲದ ಆಡಳಿತ ಎಂದು ಉದ್ಘಾಟನೆಯ ದಿನ ತಾವು ಹೇಳಿ ಚಪ್ಪಾಳೆ ಗಿಟ್ಟಿಸಿದ್ದೀರಿ. ಈ ತುದಿಯಲ್ಲಿ ನಮ್ಮ ಕೌಂಟರುಗಳು. ಆ ತುದಿಯಲ್ಲಿ ಜನ ಕಾಯುವ, ಪತ್ರಿಕೆ ಓದುವ ಜಾಗ, ಅದರ ಕೊನೆಗೆ ತಮ್ಮ ಮೇಜು ಮತ್ತು ಸೋಫಾ. ನಡುವೆ ಬರೀ ಬಯಲು. ಬೆಂಕಿ ಬಿದ್ದರೆ ತಡೆಯಲು ಅಡ್ಡ ಏನೂ ಇಲ್ಲವೆಂಬ ಕಾರಣಕ್ಕೆ, ಚಾವಣಿಯ ಸೀಳಿನೊಳಗೆ ಗಾಜಿನ ನೂಲಿನ ಪರದೆಯೊಂದನ್ನು ಸುತ್ತಿ ಬಚ್ಚಿಡಲಾಗಿದೆ. ಹೊಗೆ ಎದ್ದರೆ ಅದು ತಾನಾಗಿ ನೆಲದವರೆಗೆ ಇಳಿದು, ಬೆಂಕಿಯನ್ನು ಒಂದೇ ಬದಿಗೆ ಕಟ್ಟಿಹಾಕುತ್ತದೆ. ಅದನ್ನು ಅಳವಡಿಸಿದ ಎಂಜಿನಿಯರಮ್ಮ ಹೋಗುವಾಗ ನಮ್ಮೆಲ್ಲರನ್ನೂ ನಿಲ್ಲಿಸಿಕೊಂಡು, “ಇದು ಕಣ್ಣಿಗೆ ಬೀಳೋ ವಸ್ತು ಅಲ್ಲ. ಬಿದ್ದ ದಿನ ಯಾರೂ ಕೂತಿರಬಾರದು, ಎದ್ದು ಹೊರಗೆ ಹೋಗಿಬಿಡಬೇಕು” ಎಂದಿದ್ದರು. ಆಗ ತಾವು ಮುಂದಿನ ಕುರ್ಚಿಯಲ್ಲಿ ತೂಕಡಿಸುತ್ತಿದ್ದಿರಿ.

2. ಗೋಡೆಯಿಲ್ಲದ ಆಡಳಿತಕ್ಕೆ ಒಂದೇ ತೊಡಕು. ಊಟವಾದ ಮೇಲೆ ಆಡಳಿತಕ್ಕೆ ನಿದ್ದೆ ಬರುತ್ತದೆ, ಬಂದದ್ದು ಊರಿಗೆಲ್ಲ ಕಾಣುತ್ತದೆ. ಒಮ್ಮೆ ಪರದೆಯನ್ನು ಇಳಿಸಿ ನೋಡುವ ಪರೀಕ್ಷೆ ನಡೆದಾಗ ತಾವು ಅದರ ಆಚೆ ಸೋಫಾದ ಮೇಲಿದ್ದಿರಿ. ಕೌಂಟರಿನವರ ಕಣ್ಣು ತಪ್ಪಿತು, ದೀಪದ ಬೆಳಕು ಕಡಿಮೆಯಾಯಿತು, ತಮಗೆ ಜ್ಞಾನೋದಯವಾಯಿತು. ಮರುದಿನವೇ ಆದೇಶ ಬಂತು: ಸುರಕ್ಷತೆಯ ದೃಷ್ಟಿಯಿಂದ ಪರದೆಯನ್ನು ದಿನಾಲೂ ಊಟದ ನಂತರ ಪರೀಕ್ಷಿಸತಕ್ಕದ್ದು. ಪರದೆಯ ಜೊತೆಗೇ ಎಚ್ಚರಿಕೆಯ ಗಂಟೆ ಹೊಡೆದರೆ ಪರೀಕ್ಷೆಗೆ ಭಂಗ ಬರುವ ಕಾರಣ ಗಂಟೆಯ ತಂತಿಯನ್ನು ಕಳಚತಕ್ಕದ್ದು. ಹೊರಬಾಗಿಲಿನಿಂದ ಗಾಳಿ ಚೆನ್ನಾಗಿ ಬರುವ ಕಾರಣ ಸೋಫಾವನ್ನು ಆ ಬಾಗಿಲಿಗೆ ಅಡ್ಡವಾಗಿ ಇಡತಕ್ಕದ್ದು. ಬೇಲಿಯೇ ಎದ್ದು ಹೊಲ ಮೇಯ್ದಿತೆಂದು ಕೇಳಿದ್ದೆವು. ಬೇಲಿ ಹಾಸಿಗೆಯಾದದ್ದನ್ನು ಇಲ್ಲೇ ನೋಡಿದ್ದು.

3. ತಮ್ಮ ಜವಾನನನ್ನು ನಾವೆಲ್ಲ ‘ಮೆಲ್ಲಗಪ್ಪ’ ಎಂದು ಕರೆಯುವುದು ತಮಗೆ ತಿಳಿದಿರಲಾರದು. ಪರದೆ ಇಳಿದ ಕೂಡಲೇ ತುಟಿಗೆ ಬೆರಳಿಟ್ಟು, “ಸಾಹೇಬ್ರು ಮಲಗಿದಾರೆ, ಮೆಲ್ಲಗೆ” ಎನ್ನುವುದು ಅವನ ಕೆಲಸ. ಪತ್ರಿಕೆಯ ಹಾಳೆ ತಿರುವಿದವರನ್ನೂ ಅವನು ಗುರಾಯಿಸುತ್ತಿದ್ದ. ಹೀಗೆ ದಿನಾ ಮಾಡಿ ಮಾಡಿ, ಪರದೆ ಇಳಿದರೆ ಓಡಬೇಕೆಂದು ಕಲಿತಿದ್ದ ಜನಕ್ಕೆ, ಇಳಿದರೆ ಉಸಿರು ಬಿಗಿಹಿಡಿದು ಕೂರಬೇಕೆಂದು ಅಭ್ಯಾಸವಾಯಿತು. ಇದನ್ನು ಕಲಿಸಲು ಬೇರೆ ಕಚೇರಿಯವರಿಗೆ ಆಗಲಾರದು.

4. ಅರ್ಜಿದಾರಳ ಅತ್ತೆ ಮಧ್ಯಾಹ್ನವೆಲ್ಲ ಅಲ್ಲಿಯೇ ಕೂತು ಪತ್ರಿಕೆ ಓದುವವರು. ಭವನದ ತಣ್ಣನೆಯ ಗಾಳಿಗೆ ಮಂಡಿ ಹಿಡಿಯುವ ಕಾರಣ ಮೂಲೆಯ ಜೆರಾಕ್ಸ್ ಯಂತ್ರದ ಪಕ್ಕ, ಅದರ ಬಿಸಿಗೆ ಕೂರುತ್ತಿದ್ದರು. ಅವರಿಗೂ ಅರ್ಜಿದಾರಳಿಗೂ ಹೇಳಿಕೊಳ್ಳುವಂಥ ಪ್ರೀತಿಯೇನೂ ಇರಲಿಲ್ಲ. ಅವರ ಧ್ವನಿ ಮೂರು ಮನೆಯಾಚೆ ಕೇಳುವಂಥದ್ದು, ಅದರಲ್ಲಿ ಹೆಚ್ಚಿನ ಪಾಲು ಸೊಸೆಗೆ ಮೀಸಲು. ಸಂಜೆ ಇಬ್ಬರೂ ಜಗಳವಾಡಿಕೊಂಡೇ ಒಟ್ಟಿಗೆ ಮನೆಗೆ ನಡೆಯುತ್ತಿದ್ದರು.

5. ಘಟನೆಯ ದಿನ, ದಿನಾಲೂ ಪರೀಕ್ಷೆ ನಡೆಸುವ ಕಚೇರಿ ಎಂಥದಪ್ಪಾ ಎಂದು ನೋಡಲು ಮೇಲಿನ ಕಚೇರಿಯಿಂದ ಅತಿಥಿಗಳು ಬಂದಿದ್ದರು. ಊಟ ಮುಗಿಸಿ ತಾವು ಅವರೊಂದಿಗೆ ವಿಚಾರಣೆ ಕೌಂಟರಿನ ಮುಂದೆ ನಿಂತಿದ್ದಿರಿ. ಆಗ ಪರದೆ ಇಳಿಯಿತು. ಅತಿಥಿಗಳು ಚಪ್ಪಾಳೆ ತಟ್ಟಿದರು. ತಾವು ತಲೆ ಬಾಗಿಸಿ ಸ್ವೀಕರಿಸಿದಿರಿ. ಮೆಲ್ಲಗಪ್ಪ ಎಲ್ಲಿಂದಲೋ ಓಡಿಬಂದು, ಅಭ್ಯಾಸಬಲದಿಂದ ತಮ್ಮ ಮುಖಕ್ಕೇ ಬೆರಳು ತೋರಿಸಿ, “ಸಾಹೇಬ್ರು ಮಲಗಿದಾರೆ, ಮೆಲ್ಲಗೆ ಮಾತಾಡಿ” ಎಂದ. ತಾವು ತಕ್ಷಣ ದನಿ ತಗ್ಗಿಸಿದಿರಿ. ಇದಕ್ಕೆ ಇಡೀ ಕೌಂಟರು ಸಾಕ್ಷಿ.

6. ಅರ್ಜಿದಾರಳೂ ಮೊದಲು ಪೆನ್ನನ್ನು ಸದ್ದಾಗದಂತೆ ಕೆಳಗಿಟ್ಟಳು. ಆಮೇಲೆ ತಲೆ ಎತ್ತಿ ತಮ್ಮನ್ನು ನೋಡಿದಳು.

“ಸಾರ್, ನೀವು ಇಲ್ಲೇ ಇದ್ದೀರಲ್ಲ. ಹಾಗಾದ್ರೆ ಅಲ್ಲಿ ಮಲಗಿರೋದು ಯಾರು?”

ಅದಕ್ಕೆ ತಾವು ಕೊಟ್ಟ ಉತ್ತರ: “ಅತಿಥಿಗಳ ಮುಂದೆ ತಲೆಹರಟೆ ಬೇಡ.”

7. ತಾವು ಮಲಗದೆ ಇಳಿಯದ ಪರದೆ ತಾನಾಗಿ ಇಳಿದಿದೆಯೆಂದರೆ ಆಚೆ ಹೊಗೆ ಎದ್ದಿರಬೇಕು. ಆದ್ದರಿಂದ ಅರ್ಜಿದಾರಳು ಕೌಂಟರು ಬಿಟ್ಟಳು. ಬೆಂಕಿ, ಬೆಂಕಿ ಎಂದು ಕೂಗಿದಳು. ಭವನವನ್ನು ಹೊರಗಿನಿಂದ ಸುತ್ತಿ ಹೋಗಿ, ಗಾಳಿಗೆಂದು ತಾವು ತೆರೆದಿಡಿಸಿದ್ದ ಬಾಗಿಲಲ್ಲಿ ನುಗ್ಗಿ, ಅಡ್ಡವಿದ್ದ ಸೋಫಾವನ್ನು ಹತ್ತಿ ಇಳಿದಳು. ನೋಟಿಸಿನಲ್ಲಿ ಇವು ಕ್ರಮವಾಗಿ ಮೂರು ಆರೋಪಗಳು: ಅನುಮತಿಯಿಲ್ಲದೆ ಸ್ಥಾನ ತೊರೆದದ್ದು, ಗಣ್ಯರೆದುರು ಅರಚಿದ್ದು, ಅಧಿಕಾರಿಗಳ ಸೋಫಾವನ್ನು ಚಪ್ಪಲಿ ಕಾಲಲ್ಲಿ ತುಳಿದದ್ದು. ಮೂರನ್ನೂ ಒಪ್ಪಿಕೊಳ್ಳಲಾಗಿದೆ. ಚಪ್ಪಲಿ ಕಳಚಲು ಪುರುಸೊತ್ತಾಗಲಿಲ್ಲ.

8. ಒಳಗೆ ಜೆರಾಕ್ಸ್ ಯಂತ್ರ ಉರಿಯುತ್ತಿತ್ತು. ಹೊಗೆ ಕುರ್ಚಿಗಳ ಬೆನ್ನಿನವರೆಗೆ ಇಳಿದಿತ್ತು. ಆ ಹೊಗೆಯಲ್ಲಿ ಜನ ಕೂತಿದ್ದರು, ಮಾನ್ಯರೇ. ಕರವಸ್ತ್ರವನ್ನು, ಸೆರಗನ್ನು ಬಾಯಿಗೊತ್ತಿಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು, ಸದ್ದಿಲ್ಲದೆ ಕೂತಿದ್ದರು. ಸೋಫಾದ ಬೆನ್ನು ಎತ್ತರವಾಗಿದ್ದು ತಾವು ಅದರಲ್ಲಿ ಇದ್ದೀರೋ ಇಲ್ಲವೋ ಎಂದು ಅವರಿಗೆ ಕಾಣುವಂತಿರಲಿಲ್ಲ. ಇದ್ದೀರೆಂದೇ ನಂಬಿದ್ದರು. ಅರ್ಜಿದಾರಳು ಒಬ್ಬೊಬ್ಬರನ್ನೇ ಸೋಫಾ ಹತ್ತಿಸಿ ಆಚೆ ಕಳಿಸಿದಳು. ಅತ್ತೆ ಯಂತ್ರದ ಪಕ್ಕದಲ್ಲಿದ್ದುದರಿಂದ ಎಲ್ಲರಿಗಿಂತ ಹೆಚ್ಚು ಹೊಗೆ ಕುಡಿದಿದ್ದರು. ಹೊರಗೆ ತಂದು ಮೆಟ್ಟಿಲ ಮೇಲೆ ಕೂರಿಸಿ, ಎದ್ದು ಬರಬಾರದಿತ್ತೇ, ಕೂಗಬಾರದಿತ್ತೇ ಎಂದು ಅರ್ಜಿದಾರಳು ಅಳುತ್ತಲೇ ಗದರಿದಾಗ ಅವರು ಹೇಳಿದ್ದು:

“ಸಾಹೇಬ್ರು ಮಲಗಿದಾರಲ್ಲಮ್ಮ. ನಿನ್ನ ಕೆಲಸಕ್ಕೆ ಕುತ್ತು ಬರಬಾರದು ಅಂತ ಕೆಮ್ಮು ತಡ್ಕೊಂಡು ಕೂತಿದ್ದೆ.”

ಮೂರು ಮನೆಯಾಚೆ ಕೇಳುತ್ತಿದ್ದ ಧ್ವನಿಯಲ್ಲಿ ಅವರು ಆಡಿದ ಕಡೆಯ ಮಾತು ಇದು. ಆಮೇಲೆ ಬಂದದ್ದು ಬರೀ ಗಾಳಿ.

9. ಬೆಂಕಿ ಕೌಂಟರಿನ ಕಡೆಗೆ ಹಬ್ಬಲಿಲ್ಲ. ಪರದೆ ತಡೆಯಿತು. ಅದಕ್ಕಾಗಿ ತಮಗೆ ಪ್ರಶಂಸಾಪತ್ರ ಬಂದಿದೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಅರ್ಜಿದಾರಳಿಗೆ ನೋಟಿಸು ಬಂದಿದೆ. ಆ ದಿನ ಈ ಕಚೇರಿಯಲ್ಲಿ ತನ್ನ ಕೆಲಸವನ್ನು ತಾನು ಮಾಡಿದ್ದು ಆ ಬಟ್ಟೆಯೊಂದೇ ಎಂದು ಅರ್ಜಿದಾರಳ ಅಭಿಪ್ರಾಯ. ಪ್ರಶಂಸಾಪತ್ರವನ್ನು ಅದಕ್ಕೇ ಪಿನ್ನು ಚುಚ್ಚಿ ಸಿಕ್ಕಿಸಬಹುದಿತ್ತು, ಆದರೆ ಪರದೆಗೆ ತೂತು ಮಾಡಬಾರದೆಂದು ನಿಯಮವಿದೆ.

10. ಅತ್ತೆ ಈಗ ಸೊಸೆಯನ್ನು ಬೈಯಬೇಕೆಂದರೆ ತಟ್ಟೆ ಬಡಿಯುತ್ತಾರೆ. ಮನೆ ಬಹಳ ಶಾಂತವಾಗಿದೆ. ಈ ಶಾಂತಿ ಅರ್ಜಿದಾರಳಿಗೆ ಬೇಡ, ಇದನ್ನು ಅವಳು ತಮ್ಮ ಬಳಿ ಕೇಳಿರಲಿಲ್ಲ.

11. ನಾಳೆಯಿಂದ ಪರೀಕ್ಷೆ ಮತ್ತೆ ಶುರುವಾಗುವುದೆಂದು ಸುತ್ತೋಲೆ ಬಂದಿದೆ. ಗಂಟೆಯ ತಂತಿ ಇನ್ನೂ ಕಳಚಿಯೇ ಇದೆ. ಸೋಫಾವನ್ನು ಒರೆಸಿ ಬಾಗಿಲಿಗೆ ಅಡ್ಡವಾಗಿಯೇ ಇಡಲಾಗಿದೆ. ನಾಳೆಯಿಂದಲೇ ಅತ್ತೆಯೂ ಪತ್ರಿಕೆ ಓದಲು ಬರುತ್ತಾರೆ. ಬೇಡವೆಂದರೆ ತಟ್ಟೆ ಬಡಿಯುತ್ತಾರೆ. ಆದರೆ ಅವರಿಗೆ ಈಗ ಘಳಿಗೆಗೊಮ್ಮೆ ಕೆಮ್ಮು, ಬಂದ ಕೆಮ್ಮನ್ನು ಯಾವ ಕಾರಣಕ್ಕೂ ತಡೆಯಬಾರದೆಂದು ವೈದ್ಯರ ಕಟ್ಟಪ್ಪಣೆ. ತಮ್ಮ ಅಪ್ಪಣೆಗೂ ವೈದ್ಯರ ಅಪ್ಪಣೆಗೂ ತಾಳೆಯಾಗದ ಕಾರಣ ಈ ಅರ್ಜಿ.

ಆದ್ದರಿಂದ, ಪರದೆಯ ಆಚೆ ಕೂತವರು ಕೆಮ್ಮಬಹುದೆಂದು ಲಿಖಿತ ಅನುಮತಿ ನೀಡಿ, ಅದರ ಒಂದು ಪ್ರತಿಯನ್ನು ಮೆಲ್ಲಗಪ್ಪನಿಗೆ ಗಟ್ಟಿಯಾಗಿ ಓದಿ ಹೇಳಬೇಕಾಗಿ ಕೋರಲಾಗಿದೆ.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿ,
ಏಯ್ ವಿಚಾರಣೆ

ಲಗತ್ತುಗಳು:
1. ನೋಟಿಸಿನ ಪ್ರತಿ (ಜೆರಾಕ್ಸ್ ಯಂತ್ರ ಸುಟ್ಟುಹೋದ ಕಾರಣ ಕೈಯಲ್ಲಿ ಬರೆದದ್ದು).
2. ವೈದ್ಯರ ಚೀಟಿ.
3. ಸೋಫಾ ಒರೆಸಿದ ಬಟ್ಟೆ.
4. ಅತ್ತೆಯವರ ಹೇಳಿಕೆ: ಧ್ವನಿ ಮರಳಿದ ಮೇಲೆ ಸಲ್ಲಿಸಲಾಗುವುದು. ಆಗ ಲಗತ್ತಿಸುವ ಅಗತ್ಯವಿಲ್ಲ, ತಾವು ಇದ್ದಲ್ಲಿಗೇ ಕೇಳಿಸುತ್ತದೆ.

ವಿ.ಸೂ.: ನಾಳೆ ಪರದೆ ಇಳಿದ ಮೇಲೆ ಕೆಮ್ಮು ಕೇಳಿಸಿದರೆ, ಅದು ಹಳೆಯ ಹೊಗೆಯ ಕೆಮ್ಮೋ ಹೊಸ ಹೊಗೆಯ ಕೆಮ್ಮೋ ಎಂದು ಒಮ್ಮೆ ಕಣ್ಣು ತೆರೆದು ನೋಡಿ, ಆಮೇಲೆ ಮಲಗಬೇಕಾಗಿ ವಿನಂತಿ. ಈ ಸಲ ತಾವೂ ಪರದೆಯ ಅದೇ ಬದಿಯಲ್ಲಿರುತ್ತೀರಿ.